ಬಾಲದ 40 ಗ್ರಾಂ

ರಾತ್ರಿ ಹತ್ತೂವರೆ. ನಾವೇ ಕಟ್ಟಿದ ರೇಡಿಯೊ ಮಾದರಿ ವಿಮಾನವನ್ನು ಎರಡು ಬೆರಳ ತುದಿಯ ಮೇಲೆ ಎತ್ತಿ ಹಿಡಿದೆ. ನಮ್ಮ ರೆಕ್ಕೆಯ ಅಗಲ 28 ಸೆಂ.ಮೀ. ಗುರುತ್ವ ಕೇಂದ್ರ ಮುಂದಿನ ಅಂಚಿನಿಂದ 7.5 ಸೆಂ.ಮೀ. ಹಿಂದೆ ಬರಲೆಂದು ಅಲ್ಲಿ ಪೆನ್ಸಿಲ್ ಗುರುತು ಹಾಕಿಟ್ಟಿದ್ದೆ. ಬೆರಳನ್ನು ಆ ಗುರುತಿಗೆ ತಂದಿದ್ದೇ ತಡ, ಬಾಲ ಕೆಳಕ್ಕೆ ವಾಲಿತು.

"ಮಾಮಾ, ಹಿಂದ ಜಗ್ಗಾಕತ್ತೈತಿ" ಅಂದ ಅಕ್ಕನ ಮಗ. ಬೆಳಿಗ್ಗೆ ಆರಕ್ಕೆ ಕೆರೆಯಂಗಳಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು.

ಎರಡು ಮೀಟರ್ ರೆಕ್ಕೆಯ ಎಲೆಕ್ಟ್ರಿಕ್ ವಿಮಾನ ಕಟ್ಟುವ ಆಸೆ ನನಗೆ ಬಹಳ ವರ್ಷಗಳದು. ಬಾಲ್ಸಾ ಎಂಬ ಹಗುರ ಮರದ ಕಿಟ್ ಕೊಳ್ಳುವಷ್ಟು ದುಡ್ಡಿರಲಿಲ್ಲ. ಹಾಗಾಗಿ ಥರ್ಮಾಕೋಲ್ ತಂದೆವು. ಕೆಟ್ಟ ಕಾಯಿಲ್ ಒಲೆಯ ನೈಕ್ರೋಮ್ ತಂತಿಯನ್ನು ಎಳೆದು ನೆಟ್ಟಗೆ ಮಾಡಿ, ಬಿದಿರಿನ ಬಿಲ್ಲಿಗೆ ಬಿಗಿದು, 12 ವೋಲ್ಟ್ ಬ್ಯಾಟರಿ ಕೊಟ್ಟರೆ ಅದು ಬೆಣ್ಣೆ ಕೊಯ್ದಂತೆ ಕೊಯ್ಯುತ್ತದೆ. ಸನ್ಮೈಕಾ ತುಂಡಿನಲ್ಲಿ ಕ್ಲಾರ್ಕ್ ವೈ ಎಂಬ ರೆಕ್ಕೆಯ ಅಡ್ಡಕೊಯ್ತದ ಅಚ್ಚು ಕತ್ತರಿಸಿಕೊಂಡೆ. 1922ರ ಆಕಾರವದು, ತಳ ಬಹುಪಾಲು ಚಪ್ಪಟೆ. ಮೇಜಿನ ಮೇಲೆಯೇ ರೆಕ್ಕೆ ನೇರವಾಗಿ ಕೂರುತ್ತದೆ. ಬಿಲ್ಲಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಒಬ್ಬರು ಒಂದು ಕ್ಷಣ ನಿಂತರೂ ಅಲ್ಲಿ ತಂತಿ ಗುಂಡಿ ತೋಡುತ್ತದೆ. ಎರಡು ತುಂಡು ಹಾಳಾದವು, ಮೂರನೆಯದಕ್ಕೆ ಕೈ ಕೂಡಿತು.

ಪುಸ್ತಕಕ್ಕೆ ಹಾಕುವ ಖಾಕಿ ಬೈಂಡು ಹಾಳೆಯನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ನೆನೆಸಿ ಹೊದಿಸಿದೆವು. ಒಣಗಿದ ಮೇಲೆ ಅದು ತಮಟೆಯ ಚರ್ಮದಂತೆ ಬಿಗಿಯುತ್ತದೆ. ಫೆವಿಕ್ವಿಕ್ ಹತ್ತಿರ ಸುಳಿಯಬಾರದು, ಥರ್ಮಾಕೋಲ್ ಕರಗಿಬಿಡುತ್ತದೆ. ಮೋಟಾರು, ಅದರ ವೇಗ ಹತೋಟಿಯಲ್ಲಿಡುವ ಇಎಸ್‌ಸಿ, ಬ್ಯಾಟರಿ, ರೆಕ್ಕೆ-ಬಾಲದ ಪಟ್ಟಿಗಳನ್ನು ಆಡಿಸುವ ನಾಲ್ಕು ಸರ್ವೋ ಸೇರಿ ಒಂಬತ್ತು ಸಾವಿರದೊಳಗೆ ಮುಗಿಯಿತು. ರೇಡಿಯೊ ಮೊದಲೇ ಇತ್ತು.

ತಪ್ಪಾಗಿದ್ದು ಬಾಲದಲ್ಲಿ. ಗಟ್ಟಿಯಿರಲಿ ಎಂದು ನಾನೇ ಎರಡು ಪದರ ಕಾಗದ ಹಾಕಿದ್ದೆ. ಮೂತಿಗಿಂತ ಬಾಲ ರೆಕ್ಕೆಯಿಂದ ಮೂರು ಪಟ್ಟು ದೂರ; ಅಲ್ಲಿ ಹೆಚ್ಚಾದ 40 ಗ್ರಾಂ ತೂಗಿಸಲು ಮುಂದೆ 120 ಗ್ರಾಂ ಸೀಸ ಬೇಕು. ಸೀಸ ಕಟ್ಟಿದರೆ ಕೆಲಸವೇನೋ ಆಗುತ್ತಿತ್ತು. ಆದರೆ ಆ ತೂಕವನ್ನು ಮೋಟಾರು ಪ್ರತಿ ಹಾರಾಟದಲ್ಲೂ ಹೊರಬೇಕಲ್ಲ, ನನಗೆ ಮನಸ್ಸು ಬರಲಿಲ್ಲ.

ಒದ್ದೆ ಬಟ್ಟೆ ತಗೊಂಡು ಕೂತೆವು. ಒತ್ತಿ ಹಿಡಿದರೆ ಐದು ನಿಮಿಷಕ್ಕೆ ಅಂಟು ಬಿಳಿಯಾಗಿ ಮೆತ್ತಗಾಗುತ್ತದೆ. ಆಗ ಉಗುರಿನಿಂದ ಅಂಚು ಎಬ್ಬಿಸಿ, ಅವಸರವಿಲ್ಲದೆ ಮೇಲಿನ ಪದರವನ್ನಷ್ಟೇ ಎಳೆಯಬೇಕು. ಕಿತ್ತದ್ದನ್ನೆಲ್ಲ ಒಣಗಿಸಿ ಅಡುಗೆಮನೆ ತಕ್ಕಡಿಗೆ ಹಾಕಿದಾಗ ರಾತ್ರಿ ಎರಡು ಗಂಟೆ. 38 ಗ್ರಾಂ ತೋರಿಸಿತು. ಬ್ಯಾಟರಿಯನ್ನು ಒಂದು ಬೆರಳಷ್ಟು ಮುಂದೆ ತಳ್ಳಿದೆ. ವಿಮಾನ ಬೆರಳ ಮೇಲೆ ಅಲುಗದೆ ನಿಂತಿತು.

ಒಣಗಿದ ಕೆರೆಯಲ್ಲಿ ಗಾಳಿ ಇನ್ನೂ ಎದ್ದಿರಲಿಲ್ಲ. 2.4 ಕಿಲೋ ತೂಕ, 500 ವ್ಯಾಟ್ ಚಿಲ್ಲರೆ ಶಕ್ತಿ. ಹದಿನೈದು ಹೆಜ್ಜೆ ಓಡಿ ಚಕ್ರ ನೆಲ ಬಿಟ್ಟಿತು. ಬಿಸಿಲು ಬಿದ್ದಾಗ ರೆಕ್ಕೆಯ ಬಲಕ್ಕೆಂದು ಒಳಗೆ ತೂರಿಸಿದ್ದ ಅಲ್ಯೂಮಿನಿಯಂ ಕೊಳವೆಯ ನೆರಳು ಕೆಳಗಿನಿಂದ ಕಂಡಿತು. ಎಂಟು ನಿಮಿಷ ಸುತ್ತಿಸಿ ಇಳಿಸುವಾಗ ಒಂದು ಚಕ್ರ ಕಿತ್ತು ಹೋಯಿತು, ಅಷ್ಟೇ. ಹುಡುಗ ಓಡಿಹೋಗಿ ಮೊದಲು ಮುಟ್ಟಿ ನೋಡಿದ್ದು ಬಾಲವನ್ನು.