"ಕಣ್ಣಿಗೆ ತಾಗದಂತೆ ಹಚ್ಚಿ" ಅಂದರೆ ಸಾಲದು: ಓಪಿಡಿಯಲ್ಲಿ ಕಂಡ ರೆಟಿನಾಲ್ ಎಡವಟ್ಟು

ಮೇಲಿನ ರೆಪ್ಪೆ ಕೆಂಪಾಗಿ ಸಿಪ್ಪೆ ಎದ್ದಿದೆ, ಕೆಳಗಿನದು ಊದಿಕೊಂಡಿದೆ, ಹೊರಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಬಾಯಲ್ಲಿ ಒಂದೇ ಮಾತು: "ಮೇಡಂ, ರೆಪ್ಪೆಗೆ ನಾನು ಹಚ್ಚೇ ಇಲ್ಲ, ಕೆಳಗಡೆ ಮಾತ್ರ ಹಚ್ಚಿದ್ದು." ಸ್ಕಿನ್ ಓಪಿಡಿಯಲ್ಲಿ ಕೂತವರಿಗೆ ಈ ಮಾತು ಹೊಸದಲ್ಲ. ಆದರೂ ಇತ್ತೀಚೆಗೆ ಬಂದ ಒಂದು ವಾಕ್-ಇನ್ ಕೇಸಿನಲ್ಲಿ ಟೀಮ್ ಪೂರ್ತಿ ಮೊದಲು ಹೋದದ್ದು ಅಲರ್ಜಿಯ ದಾರಿಗೆ. ಹೊಸ ಮಸ್ಕಾರಾ ತಗೊಂಡ್ರಾ, ಉಗುರುಬಣ್ಣ ಬದಲಾಯಿಸಿದ್ರಾ, ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಪಟ್ಟಿ ಅಂಟಿಸಿ ಅಲರ್ಜಿ ನೋಡುವ ಪರೀಕ್ಷೆ) ಬುಕ್ ಮಾಡೋಣವಾ. ಹಚ್ಚದ ಜಾಗದಲ್ಲಿ ಸುಟ್ಟಿದೆ ಅಂದ ಮೇಲೆ ಹಚ್ಚಿದ್ದರಿಂದ ಆಗಿರಲಿಕ್ಕಿಲ್ಲ ಅನ್ನೋ ಲೆಕ್ಕ. ಆಕೆ ಸುಳ್ಳು ಹೇಳಿರಲಿಲ್ಲ. ಲೆಕ್ಕವೇ ತಪ್ಪಿತ್ತು.

ಕೇಸ್ ಶೀಟ್ ಅರ್ಧ ತುಂಬುವಷ್ಟರಲ್ಲಿ ಇನ್ನೊಂದು ಮಾತು ಬಂತು: ಬೆಳಕು ನೋಡಿದರೆ ಚುಚ್ಚುತ್ತೆ, ಎಡಗಣ್ಣು ಸ್ವಲ್ಪ ಮಂಜು. ಇಂಥ ಹೊತ್ತಲ್ಲಿ ಚರ್ಮದ ಮಾತು ಪಕ್ಕಕ್ಕಿಡಬೇಕು. ನೋವು, ಮಂಜು, ಬೆಳಕು ತಡೆಯಲಾಗದಿರುವುದು, ಈ ಮೂರರಲ್ಲಿ ಯಾವುದೊಂದಿದ್ದರೂ ಅದು ಮೊದಲು ಕಣ್ಣಿನ ಕೇಸು, ಆಮೇಲೆ ಚರ್ಮದ್ದು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಬಂದಿದ್ದರು, ಅದನ್ನು ಯಾರೂ ಕೇಳಿರಲಿಲ್ಲ. ಲೆನ್ಸ್ ತೆಗೆಸಿ, ಒಂದೊಂದೇ ಕಣ್ಣು ಮುಚ್ಚಿಸಿ ಚಾರ್ಟ್ ಓದಿಸಿ, ಆಮೇಲೆ ಫ್ಲೋರೆಸೀನ್, ಅಂದರೆ ಕಣ್ಣಿನ ಮೇಲ್ಮೈಯ ಗಾಯ ಎತ್ತಿ ತೋರಿಸುವ ಬಣ್ಣದ ಹನಿ. ಈ ಕ್ರಮ ತಪ್ಪಬಾರದು. ಸಾಫ್ಟ್ ಲೆನ್ಸ್ ಮೇಲೆ ಫ್ಲೋರೆಸೀನ್ ಬಿದ್ದರೆ ಲೆನ್ಸ್ ಬಣ್ಣ ಹೀರಿಕೊಂಡು ಹಾಳಾಗುತ್ತೆ, ಹನಿ ಹಾಕಿದ ಮೇಲೆ ದೃಷ್ಟಿ ನೋಡಿದರೆ ಮಂಜು ಯಾವುದರಿಂದ ಅಂತ ಹೇಳಲಾಗಲ್ಲ. ಸ್ಲಿಟ್ ಲ್ಯಾಂಪ್‌ನಲ್ಲಿ (ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ) ಕಂಡದ್ದು ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಕೆಳಭಾಗದಲ್ಲಿ ಸೂಜಿಮೊನೆಯಂಥ ಹಸಿರು ಚುಕ್ಕೆಗಳು. ಹುಣ್ಣಿಲ್ಲ, ಗೀರಿಲ್ಲ, ಒಣಗಣ್ಣು. 

ಆಮೇಲೆ ಬ್ಯಾಗ್ ತೆರೆಸಿ ನೋಡಿದಾಗ ಎಲ್ಲ ಬಿಡಿಸಿಕೊಂಡಿತು. 0.5% ರೆಟಿನಾಲ್ ಸೀರಮ್, ಮುಖಕ್ಕೆಂದು ಮಾಡಿದ್ದು. ರೆಟಿನಾಲ್ ಅಂದರೆ ಗೆರೆ, ಕಲೆಗೆ ಹಚ್ಚುವ ವಿಟಮಿನ್ ಎ. ದಿನಾ ರಾತ್ರಿ, ಕಣ್ಣ ಕೆಳಗೆ ಮಾತ್ರ, ಬಟಾಣಿ ಕಾಳಿನಷ್ಟು. ಅದಕ್ಕೂ ಮುಂಚೆ ಗ್ಲೈಕಾಲಿಕ್ ಟೋನರ್, ಸತ್ತ ಚರ್ಮ ಸಡಿಲಿಸುವ ಆಸಿಡ್ ಇರುವಂಥದ್ದು. ಮೇಲಿಂದ ದಪ್ಪಗೆ ಬಾಮ್. ಹಚ್ಚಿದ ಕೂಡಲೇ ಮಗ್ಗುಲಾಗಿ ಮಲಗುವುದು. ಬಟಾಣಿ ಕಾಳಿನಷ್ಟು ಅನ್ನೋದು ಇಡೀ ಮುಖಕ್ಕೆ ಹೇಳುವ ಅಳತೆ. ಅಷ್ಟನ್ನೂ ಎರಡು ಕಣ್ಣ ಕೆಳಗೇ ಹಾಕಿದರೆ ಚರ್ಮ ಹೀರುವಷ್ಟು ಹೀರುತ್ತೆ, ಉಳಿದದ್ದು ದಾರಿ ಹುಡುಕುತ್ತೆ. ಬಾಮ್ ಅದನ್ನು ಒಳಕ್ಕೂ ತಳ್ಳುತ್ತೆ, ಅಕ್ಕಪಕ್ಕಕ್ಕೂ ಜಾರಿಸುತ್ತೆ. ಮೈಶಾಖ, ಬೆವರು, ದಿಂಬು, ನಿದ್ದೆಯಲ್ಲಿ ಕಣ್ಣುಜ್ಜುವ ಬೆರಳು, ಇಷ್ಟು ಸಾಕು ಮೇಲಿನ ರೆಪ್ಪೆ ತಲುಪಲು. ರೆಪ್ಪೆಯ ಮಡಿಕೆಯಲ್ಲಿ ಚರ್ಮಕ್ಕೆ ಚರ್ಮ ಒತ್ತಿಕೊಂಡಿರುವುದರಿಂದ ಒಮ್ಮೆ ಒಳಹೊಕ್ಕದ್ದು ಬೆಳಗಿನವರೆಗೂ ಅಲ್ಲೇ ಕೂತಿರುತ್ತೆ.

ರೆಪ್ಪೆಯ ಚರ್ಮ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಇಡೀ ಮೈಯಲ್ಲೇ ಅತಿ ತೆಳು. ಅಡಿಯಲ್ಲಿ ಕೊಬ್ಬಿನ ಪದರ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಸ್ವಲ್ಪ ಉರಿಯೂತಕ್ಕೇ ನೀರು ತುಂಬಿ ಊದುತ್ತೆ. ಕೆನ್ನೆಯಲ್ಲಿ ಬರೀ ಬಿಗಿತ ತರುವ ಪ್ರಮಾಣ ಇಲ್ಲಿ ಸಿಪ್ಪೆ ಎಬ್ಬಿಸುತ್ತೆ. ರೆಪ್ಪೆಯ ಅಂಚಿನಲ್ಲಿ ಮೈಬೋಮಿಯನ್ ಗ್ರಂಥಿಗಳ ಸಾಲಿದೆ, ಕೆಳರೆಪ್ಪೆಯಲ್ಲಿ 20ರಿಂದ 30, ಮೇಲಿನದರಲ್ಲಿ ಇನ್ನೂ ಹೆಚ್ಚು. ಕಣ್ಣೀರು ಬೇಗ ಆವಿಯಾಗದಂತೆ ಮೇಲೆ ಎಣ್ಣೆಯ ಪದರ ಹಾಸುವುದು ಇವೇ. ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಈ ಗ್ರಂಥಿಗಳನ್ನು ಸೊರಗಿಸಿ ಕಣ್ಣು ಒಣಗಿಸುವುದು ಎಲ್ಲರಿಗೂ ಗೊತ್ತಿರುವ ವಿಷಯ. ಹಚ್ಚುವ ರೆಟಿನಾಲ್ ಆ ಮಟ್ಟದ್ದಲ್ಲ, ನಿಜ. ಹಾಗಂತ ಅದನ್ನು ಗ್ರಂಥಿಗಳ ಬಾಯಿಗೇ ಒಯ್ದು ಬಳಿಯಲು ಯಾವ ಕಾರಣವೂ ಇಲ್ಲ. ಮೊದಲೇ ಒಣಗಣ್ಣು, ರೆಪ್ಪೆ ಅಂಚಿನ ಉರಿಯೂತ, ಲೆನ್ಸ್ ಅಭ್ಯಾಸ ಇರುವವರಿಗೆ ಇದನ್ನು ಎರಡು ಸಲ ಹೇಳಬೇಕು.

ನಮ್ಮ ಇಎಂಆರ್ (ಕಂಪ್ಯೂಟರ್‌ನಲ್ಲಿರುವ ಪೇಷಂಟ್ ದಾಖಲೆ) ಟೆಂಪ್ಲೇಟ್ ಅಚ್ಚು ಹಾಕುವುದು ಒಂದೇ ಸಾಲು: "ರಾತ್ರಿ ತೆಳುವಾಗಿ ಹಚ್ಚಿ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ." ಮೊಡವೆಗೂ ಅದೇ ಸಾಲು, ಬಂಗಿಗೂ ಅದೇ, ಕಣ್ಣ ಸುತ್ತಿನ ಗೆರೆಗೂ ಅದೇ. ಎಲ್ಲಿವರೆಗೆ, ಎಷ್ಟು, ವಾರಕ್ಕೆಷ್ಟು ಸಲ ಅನ್ನುವುದಕ್ಕೆ ಜಾಗವೇ ಇಲ್ಲ. ಹಾಗಾಗಿ ಈಗ ಬಾಯಲ್ಲಿ ಹೇಳಿ, ಕನ್ನಡಿ ಕೈಗೆ ಕೊಟ್ಟು, ಅವರ ಬೆರಳಿನಿಂದಲೇ ತೋರಿಸಬೇಕಾಗಿದೆ. ಸ್ಲಾಟ್‌ನಲ್ಲಿ ನಾಲ್ಕೈದು ನಿಮಿಷ ಹೆಚ್ಚು ಹಿಡಿಯುತ್ತೆ. ಹಿಡಿಯಲಿ.

ಬೆರಳಿಂದ ಕಣ್ಣಗೂಡಿನ ಕೆಳಗಿನ ಮೂಳೆ ಮುಟ್ಟಿ ನೋಡಲು ಹೇಳಿ. ಗಟ್ಟಿಯಾಗಿ ಅಂಚು ಸಿಗುತ್ತಲ್ಲ, ಅದೇ ಗಡಿ. ಹಚ್ಚುವುದು ಆ ಮೂಳೆಯ ಮೇಲೆ ಮತ್ತು ಅದರ ಕೆಳಗೆ. ಮೂಳೆಗೂ ರೆಪ್ಪೆಗೂದಲಿಗೂ ನಡುವಿನ ಮೆತ್ತನೆ ಜಾಗಕ್ಕೆ ಅಲ್ಲ. ಕೆಳಗಿನ ರೆಪ್ಪೆಗೂದಲಿನಿಂದ ಒಂದು ಬೆರಳಗಲ, ಅಂದರೆ ಒಂದು ಸೆಂಟಿಮೀಟರಾದರೂ ದೂರ ಇರಬೇಕು. ಹೊರಮೂಲೆಯ ಗೆರೆಗಳಿಗೂ ಮೂಳೆಯ ಮೇಲೆಯೇ. ಮೇಲಿನ ರೆಪ್ಪೆಗೆ ಬೇಡ, ಹುಬ್ಬಿನ ಮೂಳೆಯ ಕೆಳಗೂ ಬೇಡ. ಎರಡೂ ಕಣ್ಣಿಗೆ ಸೇರಿ ಅಕ್ಕಿ ಕಾಳಿನಷ್ಟು. ಉಂಗುರ ಬೆರಳಿನಿಂದ ಎರಡು ಮೂರು ಚುಕ್ಕೆ ಇಟ್ಟು ತಟ್ಟಬೇಕು, ಎಳೆದು ಉಜ್ಜಬಾರದು. ಮುಖಕ್ಕೂ ರೆಟಿನಾಲ್ ಹಚ್ಚುವವರಾದರೆ ಕೆನ್ನೆಯ ಮೇಲ್ಭಾಗದಿಂದ ಅದು ಹೇಗೂ ಸ್ವಲ್ಪ ಮೇಲೆ ಸರಿಯುತ್ತೆ. ಅಂಥವರಿಗೆ ಕಣ್ಣಿಗೆಂದು ಬೇರೆ ಕ್ರೀಮೇ ಬೇಕಿರಲ್ಲ, ಕೌಂಟರ್‌ನಲ್ಲಿ ಕಿಟ್ ಮಾರುವ ಟಾರ್ಗೆಟ್ ಏನೇ ಹೇಳಲಿ.

ಹಚ್ಚುವ ಮುಂಚೆ ಮುಖ ತೊಳೆದು, ಒರೆಸಿ, ಹದಿನೈದಿಪ್ಪತ್ತು ನಿಮಿಷ ಬಿಡಬೇಕು. ಒದ್ದೆ ಚರ್ಮ ಹೆಚ್ಚು ಎಳೆದುಕೊಳ್ಳುತ್ತೆ, ಹೆಚ್ಚು ಉರಿಯುತ್ತೆ. ಕಣ್ಣಿನ ಒಳಮೂಲೆ, ಹೊರಮೂಲೆಗಳಿಗೆ ಮೊದಲೇ ಪೆಟ್ರೋಲಿಯಂ ಜೆಲ್ಲಿಯ ತೆಳು ಗೆರೆ ಎಳೆದರೆ ಅಲ್ಲಿಗೆ ಸರಿಯುವುದು ತಡೆಯುತ್ತೆ. ಜೆಲ್ಲಿ ಮೊದಲು ಮತ್ತು ಮೂಲೆಗೆ ಮಾತ್ರ. ರೆಟಿನಾಲ್ ಮೇಲೆ ಮುಚ್ಚಳ ಹಾಕಿದಂತೆ ಬಳಿದರೆ ಆ ಕೇಸಿನಲ್ಲಿ ಬಾಮ್ ಮಾಡಿದ ಕೆಲಸವನ್ನೇ ಇದೂ ಮಾಡುತ್ತೆ. ಸೂಕ್ಷ್ಮ ಚರ್ಮದವರಿಗೆ ಸಾದಾ ಮಾಯಿಶ್ಚರೈಸರ್, ಅದರ ಮೇಲೆ ರೆಟಿನಾಲ್, ಮತ್ತೆ ತೆಳುವಾಗಿ ಮಾಯಿಶ್ಚರೈಸರ್. ಮಲಗುವುದಕ್ಕೆ ಅರ್ಧ ಗಂಟೆ ಮುಂಚೆ ಎಲ್ಲ ಮುಗಿದಿರಬೇಕು. ಲೆನ್ಸ್ ತೆಗೆದ ಮೇಲೆಯೇ ಹಚ್ಚುವುದು, ಹಚ್ಚಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು. ಬೆರಳಿಗೆ ಅಂಟಿದ್ದು ಬೆಳಿಗ್ಗೆ ಲೆನ್ಸ್ ಜೊತೆ ಕಣ್ಣಿಗೆ ಹೋಗುವುದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು.

ಮೊದಲ ಎರಡು ವಾರ ಹೊರಮೂಲೆಯ ಗೆರೆಗಳಿಗೆ ಮಾತ್ರ, ವಾರಕ್ಕೆ ಎರಡು ರಾತ್ರಿ. ಅಲ್ಲಿ ತಡೆದುಕೊಂಡರೆ ಕೆಳಮೂಳೆಗೆ ಇಳಿಯಬಹುದು. ತಿಂಗಳು ಕಳೆದ ಮೇಲೆ ದಿನ ಬಿಟ್ಟು ದಿನ. ಕಣ್ಣ ಸುತ್ತ ಪ್ರತಿ ರಾತ್ರಿ ಹಚ್ಚಲೇಬೇಕಾದ ಅಗತ್ಯ ಬಹಳ ಜನಕ್ಕೆ ಬರುವುದೇ ಇಲ್ಲ.

ಲೇಬಲ್ ಓದುವುದು ಇನ್ನೊಂದು ತಲೆನೋವು. ಚರ್ಮದೊಳಗೆ ಕೆಲಸ ಮಾಡುವುದು ಕೊನೆಗೆ ರೆಟಿನಾಯಿಕ್ ಆಸಿಡ್, ಔಷಧವಾಗಿ ಅದರ ಹೆಸರು ಟ್ರೆಟಿನಾಯಿನ್. ರೆಟಿನಾಲ್ಡಿಹೈಡ್ ಅದಕ್ಕೆ ಒಂದು ಮೆಟ್ಟಿಲು ಹಿಂದೆ, ರೆಟಿನಾಲ್ ಎರಡು ಮೆಟ್ಟಿಲು, ರೆಟಿನೈಲ್ ಪಾಲ್ಮಿಟೇಟ್ ಇನ್ನೂ ಹಿಂದೆ. ಹಾಗಾಗಿ 0.1% ರೆಟಿನಾಲ್ ಮತ್ತು 0.1% ಟ್ರೆಟಿನಾಯಿನ್ ಎಂದೂ ಒಂದೇ ಅಲ್ಲ. ಈ ಇಡೀ ಕುಟುಂಬಕ್ಕೆ ರೆಟಿನಾಯ್ಡ್ ಅಂತ ಹೆಸರು. "2% ರೆಟಿನಾಯ್ಡ್" ಅಂತ ದೊಡ್ಡ ಅಕ್ಷರದಲ್ಲಿ ಇರುವ ಸೀರಮ್‌ಗಳಲ್ಲಿ ಕೆಲವು ಹೈಡ್ರಾಕ್ಸಿಪಿನಕೊಲೋನ್ ರೆಟಿನೋಯೇಟ್ ಇರುವ ಮಿಶ್ರಣ. ಆ ಮಿಶ್ರಣದಲ್ಲಿ ಅಸಲು ವಸ್ತು ಹತ್ತರಲ್ಲೊಂದು ಪಾಲು, ಅಂದರೆ ಬಾಟಲಿಯಲ್ಲಿ 0.2%. ರೆಟಿನಾಲ್ ಬದಲಿಗೆ ಅಂತ ಮಾರುವ ಬಕುಚಿಯೋಲ್ ರೆಟಿನಾಯ್ಡೇ ಅಲ್ಲ. ಕಣ್ಣ ಸುತ್ತ ಹೊಸದಾಗಿ ಶುರು ಮಾಡುವವರಿಗೆ 0.1% ಅಥವಾ ಅದಕ್ಕಿಂತ ಕಡಿಮೆ ರೆಟಿನಾಲ್ ಇರುವ, ಪರಿಮಳ ಬೆರೆಸದ ಕ್ರೀಮು ಸಾಕು. ಸೀರಮ್‌ಗಿಂತ ಕ್ರೀಮು ಒಳ್ಳೆಯದು, ಕಡಿಮೆ ಹರಿಯುತ್ತೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ತಂದ ನಿಯಮದಲ್ಲಿ ಮುಖಕ್ಕೆ ಹಚ್ಚಿ ಬಿಡುವ ಸೌಂದರ್ಯವರ್ಧಕಗಳಿಗೆ ಮಿತಿ 0.3%, ಆ ಕೇಸಿನ ಬಾಟಲಿ ಅದನ್ನೂ ದಾಟಿತ್ತು. ಗಾಳಿ, ಬೆಳಕು ಎರಡೂ ರೆಟಿನಾಲ್ ಕೆಡಿಸುತ್ತವೆ. ಅಗಲ ಬಾಯಿಯ ಡಬ್ಬಿ ಬೇಡ. ಟ್ಯೂಬ್ ಅಥವಾ ಪಂಪ್ ಇರಲಿ. ಬಣ್ಣ ಗಾಢವಾಗಿ ವಾಸನೆ ಬದಲಾದರೆ ಎಸೆಯಿರಿ.

ಇದಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಟ್ರಿಪಲ್ ಕಾಂಬಿನೇಶನ್ ಟ್ಯೂಬು. ಬಂಗಿಗೆ ಅಂತ ಯಾರಿಗೋ ಬರೆದುಕೊಟ್ಟದ್ದು ಮನೆಯವರೆಲ್ಲರ ಕಣ್ಣ ಕೆಳಗಿನ ಕಪ್ಪಿಗೂ ಓಡಾಡುತ್ತೆ. ಕ್ಲಿಗ್‌ಮನ್ ಸೂತ್ರ ಅಂತ 1975ರಿಂದ ಹೆಸರಾದ ಈ ಮೇಳದಲ್ಲಿ ಹೈಡ್ರೋಕ್ವಿನೋನ್ (ಕಲೆ ತಿಳಿಯಾಗಿಸುವ ಔಷಧ), ಟ್ರೆಟಿನಾಯಿನ್, ಸ್ಟಿರಾಯ್ಡ್ ಮೂರೂ ಇವೆ. ಸ್ಟಿರಾಯ್ಡ್ ಇರುವುದರಿಂದ ಟ್ರೆಟಿನಾಯಿನ್‌ನ ಉರಿ ಗೊತ್ತಾಗಲ್ಲ, "ನನಗೆ ಸೂಟ್ ಆಯ್ತು" ಅಂತ ತಿಂಗಳುಗಟ್ಟಲೆ ಹಚ್ಚುತ್ತಾರೆ. ರೆಪ್ಪೆಯ ಬಳಿ ಸ್ಟಿರಾಯ್ಡ್ ದೀರ್ಘಕಾಲ ಇದ್ದರೆ ಚರ್ಮ ಇನ್ನಷ್ಟು ತೆಳುವಾಗುತ್ತೆ, ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. "ಕ್ರೀಮ್ ಏನಾದ್ರೂ ಹಚ್ತೀರಾ?" ಅಂದರೆ ಇಲ್ಲ ಅನ್ನುತ್ತಾರೆ. "ಮನೇಲಿ ಇನ್ಯಾರದಾದ್ರೂ ಟ್ಯೂಬ್ ತಗೊಂಡು ಹಚ್ಚಿದ್ರಾ?" ಅಂತ ಕೇಳಿ.

ಜೊತೆಗೆ ಹಚ್ಚಬಾರದ್ದು: ಅದೇ ರಾತ್ರಿ ಗ್ಲೈಕಾಲಿಕ್, ಲ್ಯಾಕ್ಟಿಕ್, ಸ್ಯಾಲಿಸಿಲಿಕ್ ಆಸಿಡ್, ಬೆಂಜಾಯ್ಲ್ ಪೆರಾಕ್ಸೈಡ್, ಸ್ಕ್ರಬ್. ಹುಬ್ಬಿಗೆ ವ್ಯಾಕ್ಸಿಂಗ್, ಥ್ರೆಡಿಂಗ್ ಇದ್ದರೆ ಒಂದು ವಾರ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ವ್ಯಾಕ್ಸ್ ಜೊತೆ ಮೇಲ್ಪದರವೂ ಕಿತ್ತು ಬರುತ್ತೆ. ಗರ್ಭಿಣಿಯರಿಗೆ, ಗರ್ಭಕ್ಕೆ ಪ್ರಯತ್ನಿಸುತ್ತಿರುವವರಿಗೆ ರೆಟಿನಾಯ್ಡ್ ಯಾವುದೂ ಬೇಡ. ಬೆಳಿಗ್ಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್. ಜಿಂಕ್ ಆಕ್ಸೈಡ್ ಇರುವುದು ಕಣ್ಣಿಗೆ ಕಡಿಮೆ ಚುಚ್ಚುತ್ತೆ.

ಕಪ್ಪಿಗೆ ಅಂತ ಕೇಳಿಕೊಂಡು ಬರುವವರಿಗೆ ಮೊದಲು ಕಪ್ಪು ಯಾವುದು ಅಂತ ನೋಡಬೇಕು. ಚರ್ಮ ಮೆಲ್ಲಗೆ ಹಿಗ್ಗಿಸಿದಾಗ ಕಂದು ಹಾಗೇ ಉಳಿದರೆ ವರ್ಣದ್ರವ್ಯ. ನೀಲಿ ಇನ್ನಷ್ಟು ಎದ್ದು ಕಂಡರೆ ರಕ್ತನಾಳ. ಬೆಳಕಿನ ದಿಕ್ಕು ಬದಲಿಸಿದಾಗ ಮಾಯವಾದರೆ ಅದು ಗುಳಿಯ ನೆರಳು. ನೆರಳಿಗೆ ಯಾವ ಕ್ರೀಮೂ ಕೆಲಸ ಮಾಡಲ್ಲ, ಊದಿದ ಚೀಲಕ್ಕೂ ಅಷ್ಟೇ. ರೆಟಿನಾಲ್‌ನ ನಿಜವಾದ ಕೆಲಸ ಸಣ್ಣ ಗೆರೆ, ಒರಟು ಮೇಲ್ಮೈ, ಅಲ್ಪಸ್ವಲ್ಪ ವರ್ಣ. ಅದಕ್ಕೂ ಕನಿಷ್ಠ ಹನ್ನೆರಡು ವಾರ. ನಾಲ್ಕನೇ ವಾರಕ್ಕೇ "ಬಿಫೋರ್-ಆಫ್ಟರ್" ಫೋಟೋ ಕೇಳುವ ಮ್ಯಾನೇಜ್‌ಮೆಂಟ್‌ಗೆ ಈ ಹನ್ನೆರಡು ವಾರ ಹಿಡಿಸಲ್ಲ. ಪೇಷಂಟ್ ಫೋಟೋಗೆಂದು ಬಂದು ಬದಲಾವಣೆ ಕಾಣದೆ ನಿರಾಸೆಪಟ್ಟು, ಮನೆಗೆ ಹೋಗಿ ಡೋಸ್ ಹೆಚ್ಚಿಸಿಕೊಳ್ಳುತ್ತಾರೆ. ಆ ಕೇಸಿನಲ್ಲಿ ಆದದ್ದೂ ಅದೇ: ಮೊದಲು ವಾರಕ್ಕೆ ಎರಡು ಸಲ, ಫೋಟೋ ಸ್ಲಾಟ್ ಆದ ಮೇಲೆ ದಿನಾ.

ಉರಿ ಶುರುವಾದರೆ ರೆಟಿನಾಲ್ ಮಾತ್ರವಲ್ಲ, ಆಸಿಡ್, ವಿಟಮಿನ್ ಸಿ, ಐ ಮೇಕಪ್ ಎಲ್ಲ ನಿಲ್ಲಬೇಕು. ತಣ್ಣೀರಿನ ಬಟ್ಟೆ, ಸಾದಾ ಸೆರಮೈಡ್ ಕ್ರೀಮು ಅಥವಾ ಪೆಟ್ರೋಲಿಯಂ ಜೆಲ್ಲಿ, ಇಷ್ಟೇ. ಸಿಪ್ಪೆಯನ್ನು ಕೀಳಬಾರದು. ಉರಿ, ಬಿಗಿತಗಳಿಗಿಂತ ತುರಿಕೆಯೇ ಜಾಸ್ತಿ, ಊತ ದಿನದಿಂದ ದಿನಕ್ಕೆ ಹರಡುತ್ತಿದೆ ಅಂದರೆ ಆಗ ಅಲರ್ಜಿ ಅಂತ ಯೋಚಿಸಬೇಕು, ಪ್ಯಾಚ್ ಟೆಸ್ಟ್ ಆಗ ಬುಕ್ ಮಾಡಿ. ಕಣ್ಣೊಳಗೆ ಹೋದರೆ ಲೆನ್ಸ್ ತೆಗೆದು ಶುದ್ಧ ನೀರಲ್ಲಿ ಹದಿನೈದು ನಿಮಿಷ ತೊಳೆಯುವುದು, ಉಜ್ಜುವುದಲ್ಲ. ಆಮೇಲೂ ನೋವು, ಮಂಜು ಇದ್ದರೆ ಅಂದೇ ಕಣ್ಣಿನ ಡಾಕ್ಟರು.

ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಚರ್ಮ ತಹಬಂದಿಗೆ ಬರುತ್ತೆ. ಮತ್ತೆ ಶುರು ಮಾಡುವವರು ನಿಲ್ಲಿಸಿದ ಜಾಗದಿಂದ ಮುಂದುವರಿಸಬಾರದು. ಸಿಪ್ಪೆ, ಕೆಂಪು ಪೂರ್ತಿ ಹೋಗಿ ಇನ್ನೂ ಒಂದು ವಾರ ಕಳೆದ ಮೇಲೆ, ಕಡಿಮೆ ಪ್ರಮಾಣದ ಕ್ರೀಮಿನಿಂದ, ಮಾಯಿಶ್ಚರೈಸರ್ ನಡುವೆ ಇಟ್ಟು, ಹೊರಮೂಲೆಯಿಂದಲೇ. ವಾರಕ್ಕೆ ಒಂದು ರಾತ್ರಿ. ಎರಡನೇ ಸಲವೂ ರೆಪ್ಪೆ ಸಿಡಿದರೆ ಅವರ ಕಣ್ಣ ಸುತ್ತಿಗೆ ರೆಟಿನಾಲ್ ಹೊಂದಲ್ಲ ಅಂತ ಬರೆದುಬಿಡಿ. ಸನ್‌ಸ್ಕ್ರೀನ್, ಕೂಲಿಂಗ್ ಗ್ಲಾಸು, ಸಾದಾ ಮಾಯಿಶ್ಚರೈಸರ್ ಹೇಳಿ ಕಳಿಸಿ.