ಆರು ಇಂಚು ತಗ್ಗಿನ ಅಂಗಳ

ಮನೆಗಳ ಕೈತೋಟ, ಒಳ ಅಂಗಳ ಮತ್ತು ಕಲ್ಲುಹಾಸುಗಳನ್ನು ರೂಪಿಸಿಕೊಡುವುದು ನನ್ನ ವೃತ್ತಿ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಇಳಿದು ಹದಿನಾರು ವರ್ಷಗಳಾದವು. ಈ ಅವಧಿಯಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನ ಪಾಲು ಒಂದೇ ಮನೆಯ ಒಂದೇ ಅಂಗಳದಿಂದ ಬಂದದ್ದು. ಅದೂ ಅಲ್ಲಿ ನಾನು ಮಾಡಿದ ಕೆಲಸ ಕೆಟ್ಟ ಮೇಲೆ.

ಆ ಮನೆಯ ಯಜಮಾನರು ತೀರ್ಥಹಳ್ಳಿ ಕಡೆಯ ತೊಟ್ಟಿ ಮನೆಯಲ್ಲಿ ಬೆಳೆದವರು. ನಗರದ ದಕ್ಷಿಣ ಭಾಗದ 60×40 ನಿವೇಶನದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸುವಾಗ, ನಡುವೆ 12 ಅಡಿಗೆ 14 ಅಡಿಯ ಜಾಗವನ್ನು ಆಕಾಶಕ್ಕೆ ತೆರೆದಿಟ್ಟು, ಅದನ್ನು ತಮ್ಮ ತಾತನ ಮನೆಯ ತೊಟ್ಟಿಯಂತೆ ಮಾಡಿಕೊಡಬೇಕೆಂದು ನನ್ನನ್ನು ಕರೆದರು. ನಡುವೆ ತುಳಸಿಕಟ್ಟೆ, ಮೂಲೆಯಲ್ಲಿ ಒಂದು ದೇವಕಣಗಿಲೆ, ಉಳಿದ ಕಡೆ ಹುಲ್ಲುಹಾಸು, ಅಂಚಿನಲ್ಲಿ ಬಿಳಿ ಬೆಣಚುಕಲ್ಲು ಎಂದು ತೀರ್ಮಾನವಾಯಿತು. ಹಜಾರಕ್ಕೂ ಅಂಗಳಕ್ಕೂ ನಡುವೆ ಸರಿಸುವ ಗಾಜಿನ ಬಾಗಿಲು ಬಂತು. ಬಾಗಿಲು ಸರಿಸಿದಾಗ ಒಳಗೂ ಹೊರಗೂ ಒಂದೇ ನೆಲದಂತೆ ಕಾಣಬೇಕೆಂಬುದು ಅವರ ಆಸೆಯಾಗಿದ್ದರಿಂದ, ಅಂಗಳವನ್ನು ಹಜಾರದ ಮಟ್ಟಕ್ಕೇ ಏರಿಸಿದೆ. ಮೂರು ದಿನಗಳಲ್ಲಿ ಕಂಪ್ಯೂಟರಿನಲ್ಲಿ ಚಿತ್ರ ಸಿದ್ಧವಾಯಿತು. ಚಿತ್ರವೇನೋ ಬಹಳ ಚೆನ್ನಾಗಿತ್ತು.

ಕಲ್ಲು ಹಾಸುವ ದಿನ ಯಜಮಾನರ ತಾಯಿ ಕುರ್ಚಿ ಹಾಕಿಸಿಕೊಂಡು ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಸಂಜೆ ನಾನು ಹೊರಡುವಾಗ, “ಎಲ್ಲ ಚಂದಾಗಿದೆ ಮಾರಾಯ, ತೊಟ್ಟಿ ಮಾತ್ರ ಮೇಲೆ ಬಂದುಬಿಟ್ಟಿದೆಯಲ್ಲ?” ಎಂದರು. “ಅಮ್ಮಾ, ಮೂರು ಇಂಚಿನ ಪೈಪು ಹಾಕಿದ್ದೇವೆ, ಏನೂ ಆಗುವುದಿಲ್ಲ” ಎಂದು ಹೇಳಿ ಹೊರಟೆ. ಅವರು ಕೇಳಿದ್ದು ಮಟ್ಟದ ಪ್ರಶ್ನೆ, ನಾನು ಕೊಟ್ಟದ್ದು ಪೈಪಿನ ಉತ್ತರ ಎಂಬುದು ಅಂದು ನನಗೆ ಹೊಳೆಯಲಿಲ್ಲ.

ಮೊದಲು ಸೋತದ್ದು ತುಳಸಿ. ಅಕ್ಟೋಬರಿನಲ್ಲಿ ನೆಟ್ಟ ಗಿಡ ಡಿಸೆಂಬರಿನ ಹೊತ್ತಿಗೆ ಸಣಕಲಾಗಿ, ಎಲೆ ಉದುರಿಸಿ ಒಣಗಿತು. ನೀರು ಹೆಚ್ಚಾಯಿತೆಂದು ಕೆಲಸದವರನ್ನು ಗದರಿಸಿ, ಬೇರೆ ಗಿಡ ತಂದು ನೆಡಿಸಿದೆ, ಅದೂ ಹೋಯಿತು. ಹುಲ್ಲಿನ ನಡುವೆ ಪಾಚಿ ಕಾಣಿಸಿಕೊಂಡ ಮೇಲಷ್ಟೇ ನಾನು ಪೆನ್ಸಿಲ್ ಹಿಡಿದು ಬಿಸಿಲಿನ ಲೆಕ್ಕಕ್ಕೆ ಕುಳಿತೆ. ಆ ಲೆಕ್ಕವನ್ನು ಚಿತ್ರ ಬರೆಯುವ ಮೊದಲೇ ಮಾಡಬೇಕಿತ್ತು.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನಡುಹಗಲ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಡಿಸೆಂಬರ್ ಮೂರನೆಯ ವಾರದಲ್ಲಿ ಅದೇ ಸೂರ್ಯ ನಡುಹಗಲಿನಲ್ಲೂ ದಕ್ಷಿಣಕ್ಕೆ 36 ಡಿಗ್ರಿಯಷ್ಟು ವಾಲಿರುತ್ತಾನೆ. ಆಗ ಗೋಡೆಯ ನೆರಳು ಉತ್ತರ ದಿಕ್ಕಿಗೆ ಗೋಡೆಯ ಎತ್ತರದ ಸುಮಾರು ಮುಕ್ಕಾಲು ಪಾಲಿನಷ್ಟು ಚಾಚುತ್ತದೆ. ಆ ಮನೆಯ ದಕ್ಷಿಣದ ಗೋಡೆ ಪ್ಯಾರಪೆಟ್ ಸೇರಿ 23 ಅಡಿ, ಅಂದರೆ ನೆರಳು 17 ಅಡಿ. ಅಂಗಳದ ಉತ್ತರ–ದಕ್ಷಿಣ ಅಳತೆಯೋ 12 ಅಡಿ. ಹೀಗಾಗಿ ನವೆಂಬರ್ ಮೊದಲ ವಾರದಿಂದ ಫೆಬ್ರವರಿ ಎರಡನೆಯ ವಾರದವರೆಗೆ ನೆಲದ ಮೇಲೆ ಒಂದು ಅಂಗೈ ಬಿಸಿಲೂ ಬೀಳುವಂತಿರಲಿಲ್ಲ. ನೆತ್ತಿಯ ಮೇಲೆ ಸೂರ್ಯ ಬರುವ ಏಪ್ರಿಲಿನಲ್ಲೂ, ಪೂರ್ವ ಪಶ್ಚಿಮದ ಗೋಡೆಗಳು ಅಡ್ಡ ಬರುವುದರಿಂದ, ನಡುವಿನ ತುಳಸಿಕಟ್ಟೆಗೆ ದಿನಕ್ಕೆ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ ಬಿಸಿಲು ಸಿಗುತ್ತಿತ್ತು. ಐದಾರು ಗಂಟೆ ಬಿಸಿಲು ಬೇಡುವ ಗಿಡವನ್ನು ನಾನು ಬಾವಿಯ ತಳದಲ್ಲಿ ನೆಟ್ಟಿದ್ದೆ.

ಹಾಗಾದರೆ ತಾತನ ಮನೆಯ ತೊಟ್ಟಿಯಲ್ಲಿ ತುಳಸಿ ಹೇಗೆ ಬದುಕಿತು? ಮುಂದೊಮ್ಮೆ ಆ ಕಡೆ ಹೋದಾಗ ಟೇಪು ಹಿಡಿದು ಅಳೆದು ಬಂದೆ. ತೊಟ್ಟಿಯ ಅಗಲ 16 ಅಡಿ, ಸುತ್ತಲಿನ ಸೂರು ಇಳಿದು ನಿಂತದ್ದು 8 ಅಡಿಯ ಎತ್ತರದಲ್ಲಿ. ಅಲ್ಲಿ ನಡುವಿನ ಗಿಡಕ್ಕೆ ನಡುಹಗಲಿನ ಹಿಂದೆ ಮುಂದೆ ಮೂರು ಮೂರು ಗಂಟೆ ಬಿಸಿಲು ಸಿಗುತ್ತದೆ. ಡಿಸೆಂಬರಿನಲ್ಲೂ ನಡುಹಗಲಿನ ನೆರಳು ಆರು ಅಡಿ ದಾಟುವುದಿಲ್ಲ. ಅಂಗಳದ ಅಗಲಕ್ಕೂ ಸೂರಿನ ಎತ್ತರಕ್ಕೂ ಇರುವ ಈ ಎರಡರಷ್ಟು ಅನುಪಾತವನ್ನು ಬಿಟ್ಟು, ತೊಟ್ಟಿ ಎಂಬ ಹೆಸರನ್ನು ಮಾತ್ರ ನಾವು ನಗರಕ್ಕೆ ತಂದಿದ್ದೇವೆ. ಇನ್ನೊಂದು ಸಂಗತಿಯನ್ನೂ ಅಲ್ಲಿ ಗಮನಿಸಿದೆ. ತೊಟ್ಟಿಯೊಳಗೆ ತುಳಸಿಯನ್ನು ಬಿಟ್ಟರೆ ಗಿಡವೇ ಇರಲಿಲ್ಲ, ಇದ್ದದ್ದು ಬರಿಯ ಕಲ್ಲು. ದಾಸವಾಳ, ಕೆಸು, ಅರಿಶಿನ, ಬಾಳೆ ಎಲ್ಲವೂ ಹಿತ್ತಲಿನಲ್ಲಿ, ಬಚ್ಚಲಿನ ನೀರು ಹರಿದು ಹೋಗುವ ದಾರಿಯಲ್ಲಿ ಬೆಳೆದಿದ್ದವು. ಮಳೆಯನ್ನೂ ಬೆಳಕನ್ನೂ ಮನೆಯೊಳಗೆ ಬರಮಾಡಿಕೊಳ್ಳುವ ಜಾಗವೇ ಬೇರೆ, ತೋಟವೇ ಬೇರೆ ಎಂದು ಆ ಮನೆ ಕಟ್ಟಿದವರಿಗೆ ಗೊತ್ತಿತ್ತು.

ಎರಡನೆಯ ಪಾಠ ಮೇ ತಿಂಗಳ ಒಂದು ರಾತ್ರಿ ಬಂತು. ಗಾಳಿಯೊಂದಿಗೆ ಒಂದು ಗಂಟೆ ಮಳೆ ಸುರಿದು ಹನ್ನೊಂದು ಗಂಟೆಗೆ ಫೋನ್ ಬಂದಾಗ, ಅಂಗಳದ ನೀರು ಗಾಜಿನ ಬಾಗಿಲಿನ ಹಳಿಯನ್ನು ದಾಟಿ ಹಜಾರದ ಮರದ ನೆಲಹಾಸಿನ ಮೇಲೆ ಹರಿದಿತ್ತು. ಮೂರು ಇಂಚಿನ ಪೈಪಿನ ತಪ್ಪು ಅಲ್ಲಿರಲಿಲ್ಲ. ಅದರ ಬಾಯಿಗೆ ಕೂರಿಸಿದ್ದ ಅಂಗೈಯಗಲದ ಜಾಲರಿಯನ್ನು ದೇವಕಣಗಿಲೆಯ ಹೂವೂ ಕತ್ತರಿಸಿದ ಹುಲ್ಲೂ ಸೇರಿ ಚಾಪೆಯಂತೆ ಮುಚ್ಚಿದ್ದವು. ಸಾಲದ್ದಕ್ಕೆ ತಾರಸಿಯ ಸುಮಾರು 600 ಚದರ ಅಡಿಯ ನೀರನ್ನೂ ಅಂಗಳಕ್ಕೇ ಬಿಡಲಾಗಿತ್ತು. ಅಂದಿನ ಮಳೆಯನ್ನು ನಾನು ಅಳೆದಿಲ್ಲ. 50 ಮಿಲಿಮೀಟರ್ ಎಂದುಕೊಂಡರೂ, ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಗೆ ಒಂದು ಲೀಟರಿನ ಲೆಕ್ಕದಲ್ಲಿ, ತಾರಸಿ ಮತ್ತು ಅಂಗಳ ಸೇರಿ 3,500 ಲೀಟರಿಗೂ ಹೆಚ್ಚು ನೀರು ಆ ಒಂದು ಜಾಲರಿಯ ಮುಂದೆ ಬಂದು ನಿಂತಿರಬೇಕು.

ರಿಪೇರಿಯ ಕೂಲಿಯನ್ನು ನಾನೇ ಭರಿಸಿದೆ. ಹುಲ್ಲು ಕಿತ್ತು, ಅಂಗಳವನ್ನು ಹಜಾರಕ್ಕಿಂತ ಆರು ಇಂಚು ತಗ್ಗಿಸಿದೆವು. ತಾರಸಿಯ ನೀರನ್ನು ಫಿಲ್ಟರಿನ ಮೂಲಕ ನೆಲದಡಿಯ ನೀರಿನ ಸಂಪಿನತ್ತ ತಿರುಗಿಸಿದೆವು. 2009ರ ತಿದ್ದುಪಡಿಯ ನಂತರ ಬೆಂಗಳೂರಿನಲ್ಲಿ 30×40 ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿದ್ದರಿಂದ ಅಲ್ಲಿ ಅದರ ವ್ಯವಸ್ಥೆ ಇತ್ತು. ಅರ್ಧ ತಾರಸಿಯನ್ನು ಮಾತ್ರ ಅದಕ್ಕೆ ಜೋಡಿಸಿರಲಿಲ್ಲ. ಅಂಗಳಕ್ಕೆ ಸಾದರಹಳ್ಳಿ ಕಲ್ಲಿನ ಉಳಿ ಹೊಡೆದ ಚಪ್ಪಡಿಗಳನ್ನು ಹಾಸಿ, ಎಂಟು ಅಡಿಗೆ ಒಂದು ಇಂಚಿನಂತೆ ವಾಟ ಕೊಟ್ಟು, ನಾಲ್ಕೂ ಅಂಚಿಗೆ ಆರು ಇಂಚು ಅಗಲದ ಕಲ್ಲಿನ ಕಾಲುವೆ ತೆಗೆದೆವು. ನೀರು ಹೋಗಲು ಎರಡು ಬಾಯಿ ಇಟ್ಟೆವು. ಒಂದು ತಳದಲ್ಲಿ, ಇನ್ನೊಂದು ಅದಕ್ಕಿಂತ ಮೂರು ಇಂಚು ಮೇಲೆ, ಮೊದಲನೆಯದು ಕಟ್ಟಿದರೆ ಇರಲೆಂದು.

ಈ ಆರು ಇಂಚಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನ ನೀರು ಬರದ ಅಂಗಳದಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ ನಿಲ್ಲುವುದು 50 ಮಿಲಿಮೀಟರ್, ಅಂದರೆ ಎರಡೇ ಇಂಚು ನೀರು. ಆರು ಇಂಚಿನ ಮೆಟ್ಟಿಲಿದ್ದರೆ, ಎರಡೂ ಬಾಯಿಗಳು ಕಟ್ಟಿದರೂ, 150 ಮಿಲಿಮೀಟರ್ ಮಳೆಯವರೆಗೆ ನೀರು ಮನೆಯೊಳಗೆ ಕಾಲಿಡುವುದಿಲ್ಲ. ಪೈಪು ಕಟ್ಟಬಹುದು, ಜಾಲರಿ ಮುಚ್ಚಬಹುದು, ಮನೆಯವರು ಊರಿಗೆ ಹೋಗಿರಬಹುದು. ತಗ್ಗಿಗೆ ಮಾತ್ರ ಯಾರ ಕಾವಲೂ ಬೇಡ. ಒಳಗೂ ಹೊರಗೂ ಒಂದೇ ಮಟ್ಟ ಬೇಕೆಂದು ಈಗಲೂ ಅನೇಕರು ಕೇಳುತ್ತಾರೆ, ಪತ್ರಿಕೆಗಳ ಚಿತ್ರಗಳಲ್ಲಿ ಅದು ಬಹಳ ಸೊಗಸಾಗಿ ಕಾಣುತ್ತದೆ ಕೂಡ. ಮೇಲೆ ಮಾಡು ಇರುವ ವರಾಂಡಕ್ಕಾದರೆ ಒಪ್ಪುತ್ತೇನೆ, ಬಯಲು ಅಂಗಳಕ್ಕೆ ಒಪ್ಪುವುದಿಲ್ಲ. ವಯಸ್ಸಾದವರು ಎಡವುತ್ತಾರೆಂಬ ಆತಂಕ ನ್ಯಾಯವಾದದ್ದು. ಅಂಥ ಮನೆಗಳಲ್ಲಿ ಆರು ಇಂಚನ್ನು ಒಂದೇ ಮೆಟ್ಟಿಲಾಗಿ ಬಿಡದೆ, ಬಾಗಿಲ ಮುಂದೆ ಮಾತ್ರ ಇಳಿಜಾರು ಕಟ್ಟಿ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸುತ್ತೇನೆ.

ಹುಲ್ಲು ಕೀಳುವಾಗ ಇನ್ನೊಂದು ಸತ್ಯ ಹೊರಬಂತು. ನಾಲ್ಕು ಇಂಚು ಕೆಂಪು ಮಣ್ಣಿನ ಕೆಳಗೆ ಒಂದೂವರೆ ಅಡಿಯಷ್ಟು ಒಡೆದ ಇಟ್ಟಿಗೆ, ಟೈಲ್ಸ್ ಚೂರು, ಗಟ್ಟಿಯಾದ ಗಾರೆ ಇದ್ದವು. ಮನೆ ಕಟ್ಟಿದವರು ಕಸ ಸಾಗಿಸುವ ಲಾರಿಯ ಬಾಡಿಗೆ ಉಳಿಸಿಕೊಂಡಿದ್ದರು. ಇದನ್ನು ನಾನು ಆಮೇಲೆ ಎಷ್ಟು ಮನೆಗಳಲ್ಲಿ ಕಂಡಿದ್ದೇನೆಂದರೆ, ಕಾಣದಿದ್ದರೆ ಈಗ ಆಶ್ಚರ್ಯವಾಗುತ್ತದೆ. ಸಿಮೆಂಟು ಮತ್ತು ಸುಣ್ಣ ಬೆರೆತ ಮಣ್ಣು ಕ್ಷಾರವಾಗುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣಾಂಶ ಇದ್ದರೂ ಬೇರು ಅದನ್ನು ಹೀರಲಾರದು. ಕೇಪಳದ ಎಳೆಯ ಎಲೆಗಳು ನರಗಳನ್ನು ಮಾತ್ರ ಹಸಿರಾಗಿ ಉಳಿಸಿಕೊಂಡು ಹಳದಿಯಾದರೆ, ಗೊಬ್ಬರದ ಚೀಲ ತರುವ ಮೊದಲು ಹಾರೆ ತರಿಸಬೇಕು. ಈಗ ಯಾವ ತೋಟವನ್ನು ಒಪ್ಪಿಕೊಂಡರೂ ಎರಡು ಅಡಿ ಆಳದ ಎರಡು ಗುಂಡಿ ತೋಡಿಸಿ ನೋಡಿದ ಮೇಲೆಯೇ ದರ ಹೇಳುತ್ತೇನೆ. ತೋಡಿದ ಗುಂಡಿಗೆ ಎರಡು ಬಿಂದಿಗೆ ನೀರು ಸುರಿದು, ಅದು ಎಷ್ಟು ಹೊತ್ತಿಗೆ ಇಂಗುತ್ತದೆಂದೂ ನೋಡುತ್ತೇನೆ.

ಹುಲ್ಲುಹಾಸಿನ ಬಗ್ಗೆ ನನ್ನ ಅಭಿಪ್ರಾಯವನ್ನು ಸಂಪೂರ್ಣವಾಗಿ ಬದಲಿಸಿದ್ದು 2024ರ ಬೇಸಿಗೆ. ಆ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ತೋಟಕ್ಕೂ ಕಾರು ತೊಳೆಯುವುದಕ್ಕೂ ಬಳಸಬಾರದೆಂದು ಜಲಮಂಡಳಿ ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ಚದರ ಮೀಟರಿಗೆ ದಿನಕ್ಕೆ ಸುಮಾರು ಐದು ಲೀಟರ್ ನೀರು ಬೇಕು. 300 ಚದರ ಅಡಿಯ ಹುಲ್ಲಿಗೆ 140 ಲೀಟರ್ ಆಯಿತು. ನಗರದ ಒಬ್ಬ ಮನುಷ್ಯನ ದಿನಬಳಕೆಗೆಂದು ಎಂಜಿನಿಯರುಗಳು ಹಿಡಿಯುವ ಅಳತೆ 135 ಲೀಟರ್. ಯಾರೂ ಕೂರದ, ಯಾರೂ ಆಡದ ಹುಲ್ಲು ಮನೆಯ ಇನ್ನೊಬ್ಬ ಸದಸ್ಯನಷ್ಟು ನೀರು ಕುಡಿಯುತ್ತದೆ ಎಂದು ವಿವರಿಸಿದಾಗ, ಮಕ್ಕಳಿಲ್ಲದ ಮನೆಯವರು ಬಹುತೇಕ ಒಪ್ಪಿಬಿಡುತ್ತಾರೆ. ಮಕ್ಕಳಿರುವ ಮನೆಗೆ ಚಿಕ್ಕದೊಂದು ಹುಲ್ಲಿನ ತುಂಡನ್ನು ಬಿಸಿಲು ಬೀಳುವ ಕಡೆ ನಾನೇ ಸೂಚಿಸುತ್ತೇನೆ.

ಹೊಸ ಕೆಲಸ ಬಂದಾಗ ನಾನೀಗ ಮೊದಲ ವಾರ ಏನನ್ನೂ ಬರೆಯುವುದಿಲ್ಲ. ಬೆಳಗ್ಗೆ ಒಂಬತ್ತು, ನಡುಹಗಲು ಹನ್ನೆರಡು, ಮಧ್ಯಾಹ್ನ ಮೂರು ಗಂಟೆಗೆ ನೆರಳಿನ ಅಂಚಿಗೆ ಸುಣ್ಣದ ಪುಡಿಯ ಗೆರೆ ಎಳೆದು ಫೋಟೊ ತೆಗೆದು ಕಳುಹಿಸಲು ಮನೆಯವರಿಗೇ ಹೇಳುತ್ತೇನೆ. ಡಿಸೆಂಬರಿನ ಗೆರೆಯನ್ನು ಲೆಕ್ಕ ಹಾಕಿ ನಾನು ಸೇರಿಸುತ್ತೇನೆ. ಆಮೇಲೆ ಮೇಸ್ತ್ರಿಯ ಜೊತೆ ರಸಮಟ್ಟ ಹಿಡಿದು ಹೊಸ್ತಿಲು, ಅಂಗಳ, ರಸ್ತೆಯ ಮೋರಿ ಈ ಮೂರರ ಎತ್ತರವನ್ನು ಗುರುತಿಸಿಕೊಳ್ಳುತ್ತೇನೆ. ಮೋರಿಯೇ ಅಂಗಳಕ್ಕಿಂತ ಮೇಲಿರುವ ಮನೆಗಳೂ ಇವೆ, ರಸ್ತೆಗೆ ಪದರದ ಮೇಲೆ ಪದರ ಡಾಂಬರು ಹಾಕಿದ್ದರ ಫಲ. ಅಲ್ಲಿ ನೀರನ್ನು ಹೊರಗೆ ಕಳುಹಿಸುವ ಆಸೆ ಬಿಟ್ಟು, ಇಂಗುಗುಂಡಿ ತೋಡಬೇಕಾಗುತ್ತದೆ. ಮನೆಯ ಹೆಂಗಸರು ಬಟ್ಟೆ, ಸಂಡಿಗೆ, ಮೆಣಸಿನಕಾಯಿ ಎಲ್ಲಿ ಒಣಹಾಕುತ್ತಾರೆಂದೂ ತಪ್ಪದೆ ಕೇಳುತ್ತೇನೆ. ಆ ಜಾಗ ಮನೆಯ ಅತ್ಯುತ್ತಮ ಬಿಸಿಲಿನ ಜಾಗವಾಗಿರುತ್ತದೆ. ಅಲ್ಲಿ ಮರ ನೆಟ್ಟ ವಿನ್ಯಾಸಕಾರನ ಮೇಲೆ ಆ ಮನೆಯಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯ ಉಳಿಯುವುದಿಲ್ಲ.

ಗಿಡಗಳ ಪಟ್ಟಿ ಬರುವುದು ಇಷ್ಟೆಲ್ಲ ಆದ ಮೇಲೆ. ಬಿಸಿಲು ಎರಡು ಗಂಟೆಗಿಂತ ಕಡಿಮೆ ಇದ್ದರೆ ಜರಿಗಿಡ, ಪೀಸ್ ಲಿಲಿ, ಲೇಡಿ ಪಾಮ್, ಮನಿಪ್ಲಾಂಟ್; ಅರೆನೆರಳಿಗೆ ಕನಕಾಂಬರ; ಆರು ಗಂಟೆ ಇದ್ದರೆ ಮಲ್ಲಿಗೆ, ದಾಸವಾಳ, ಕರಿಬೇವು, ನಿಂಬೆ. ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಕ್ರುಂಬಿಗಲ್ ಅವರು ಒಂದರ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ರಸ್ತೆಬದಿಯ ಮರಗಳನ್ನು ಆಯ್ದರೆಂಬುದು ಪ್ರಸಿದ್ಧ. ಹತ್ತು ಅಡಿಯ ತೋಟದಲ್ಲೂ ಅದು ಸಾಧ್ಯ: ಬೇಸಿಗೆಗೆ ಮಲ್ಲಿಗೆ, ಮಳೆ ಮುಗಿಯುವ ಕಾಲಕ್ಕೆ ಪಾರಿಜಾತ, ನಡುವಿನ ತಿಂಗಳುಗಳಿಗೆ ಕನಕಾಂಬರ ಮತ್ತು ದಾಸವಾಳ ಇದ್ದರೆ ದೇವರ ಮನೆಗೆ ಹೂವು ಕೊಳ್ಳುವುದು ತಪ್ಪುತ್ತದೆ. ಆಲ, ಅತ್ತಿ, ಅರಳಿಯ ಜಾತಿಯ ಯಾವ ಗಿಡವನ್ನೂ ಸಂಪಿನ ಹತ್ತಿರ ನೆಡಲು ಒಪ್ಪುವುದಿಲ್ಲ, ಅದರ ಬೇರು ಬಿರುಕು ಹುಡುಕಿಕೊಂಡು ಹೋಗುತ್ತದೆ. ಕುಂಡದ ಕೆಳಗಿನ ತಟ್ಟೆಗಳನ್ನೂ ತೆಗೆಸಿಬಿಡುತ್ತೇನೆ, ಏಕೆಂದರೆ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು.

ಆ ಮೊದಲ ಮನೆಯ ತುಳಸಿ ಈಗ ಪೂರ್ವದ ಬಾಲ್ಕನಿಯಲ್ಲಿದೆ. ಅಂಗಳದಲ್ಲಿ ಖಾಲಿ ಕಟ್ಟೆ ಉಳಿದಿದೆ. ಅದನ್ನು ಒಡೆಸುವುದು ಬೇಡವೆಂದು ಹೇಳಿದ ಆ ತಾಯಿ ಅದರ ಮೇಲೆ ಸಂಜೆ ದೀಪ ಇಡುತ್ತಾರೆ. ಕಾಲುವೆಯ ಬಾಯಿಯ ಚಪ್ಪಡಿಗೆ ಎತ್ತಲು ಹಿತ್ತಾಳೆಯ ಉಂಗುರ ಹಾಕಿಸಿದ್ದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದನ್ನು ಎತ್ತಿಸಿ, ಒಳಗೆ ಸೇರಿದ ಹೂವು ಎಲೆಗಳನ್ನು ಅವರೇ ಎದುರು ನಿಂತು ತೆಗೆಸುತ್ತಾರೆ. ದಕ್ಷಿಣ ಗೋಡೆಯ ಬುಡದ ಕಲ್ಲಿನ ಮೇಲೆ ಪ್ರತಿ ಜುಲೈನಲ್ಲಿ ಪಾಚಿ ಕಟ್ಟುವುದು ಮಾತ್ರ ನಿಂತಿಲ್ಲ. ತೆಂಗಿನ ಪೊರಕೆಯನ್ನೂ ಬ್ಲೀಚಿಂಗ್ ಪೌಡರನ್ನೂ ಬಿಟ್ಟರೆ ಅದಕ್ಕೆ ನನ್ನ ಬಳಿ ಬೇರೆ ಉಪಾಯವಿಲ್ಲವೆಂಬುದನ್ನು ಈಗ ಎಲ್ಲ ಗ್ರಾಹಕರಿಗೂ ಮುಂಗಡ ಪಡೆಯುವ ಮೊದಲೇ ಹೇಳಿಬಿಡುತ್ತೇನೆ.