ಸಂಜೆಯ ತಾಳೆ: ಬಿಲ್ ಕಡತಗಳಿಗಾಗಿ ಫ್ಲೋ ಕಟ್ಟಿದ ಹತ್ತು ವಾರ

ಮೊದಲ ವಾರ

ನಮ್ಮ ಕಚೇರಿಯ ಹಂಚಿಕೆಯ ಮೇಲ್‌ಬಾಕ್ಸಿಗೆ ದಿನಕ್ಕೆ ಮೂವತ್ತೈದರಷ್ಟು ಬಿಲ್‌ಗಳು ಬರುತ್ತವೆ. ಒಂದೊಂದು ಮೇಲ್ ತೆರೆದು, ಜೊತೆಗಿರುವ ಪಿಡಿಎಫ್ ಇಳಿಸಿಕೊಂಡು, ದಿನಾಂಕ, ಪೂರೈಕೆದಾರರ ಹೆಸರು, ಬಿಲ್ ಸಂಖ್ಯೆ ಮೂರನ್ನೂ ಸೇರಿಸಿ ಹೊಸ ಹೆಸರಿಟ್ಟು, ಆ ತಿಂಗಳ ಫೋಲ್ಡರಿಗೆ ಹಾಕಿ, ಎಕ್ಸೆಲ್ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದು, ಮಂಜೂರಾತಿಗೆ ಕಳುಹಿಸುವುದು ಲೆಕ್ಕ ವಿಭಾಗದ ಹಿರಿಯ ಸಹೋದ್ಯೋಗಿಯ ಕೆಲಸ. ಅವರ ಬೆಳಗಿನ ಹೊತ್ತೆಲ್ಲ ಇದಕ್ಕೇ ಹೋಗುತ್ತದೆ. ಬಿಲ್ಲಿನ ದರ ಒಪ್ಪಂದಕ್ಕೆ ಹೊಂದುತ್ತದೆಯೇ ಎಂದು ಒಂದು ನೋಟದಲ್ಲಿ ಹೇಳಬಲ್ಲ ಕಣ್ಣು ಅವರದು. ಅಂಥ ಕಣ್ಣನ್ನು ಕಡತಗಳಿಗೆ ಹೆಸರಿಡುವುದರಲ್ಲಿ ದಣಿಸುತ್ತಿದ್ದೇವಲ್ಲ ಎಂಬ ಕೊರಗು ನನಗೆ ಬಹಳ ದಿನಗಳಿಂದ ಇತ್ತು. ಅದಕ್ಕಾಗಿಯೇ ಈ ಯೋಜನೆ: ಈ ಕೆಲಸಕ್ಕೆ ಒಂದು ಫ್ಲೋ, ಅಂದರೆ ಕಂಪ್ಯೂಟರ್ ತಾನಾಗಿಯೇ ನಡೆಸುವ ಹೆಜ್ಜೆಗಳ ಸರಣಿ, ಕಟ್ಟುವುದು.

ಎರಡು ದಿನ ಅವರ ಪಕ್ಕದಲ್ಲಿ ಕುಳಿತು ಪ್ರತಿಯೊಂದು ಹೆಜ್ಜೆಯನ್ನೂ ಬರೆದುಕೊಂಡೆ. ಎರಡು ದಿನವೂ ಸಂಜೆ ಹೊರಡುವ ಮುಂಚೆ ಅವರು ಒಂದು ಚೀಟಿಯಲ್ಲಿ ಮೂರು ಅಂಕಿಗಳನ್ನು ಬರೆದರು: ಬಂದ ಮೇಲ್‌ಗಳೆಷ್ಟು, ಫೋಲ್ಡರಿನಲ್ಲಿರುವ ಕಡತಗಳೆಷ್ಟು, ರಿಜಿಸ್ಟರಿನ ಸಾಲುಗಳೆಷ್ಟು. ಮೂರೂ ತಾಳೆಯಾದ ಮೇಲೆ ಕಂಪ್ಯೂಟರ್ ಮುಚ್ಚಿದರು. ಅದನ್ನು ಮಾತ್ರ ನಾನು ಬರೆದುಕೊಳ್ಳಲಿಲ್ಲ. ಅದೂ ಕೆಲಸದ ಒಂದು ಹೆಜ್ಜೆ ಎಂದು ನನಗೆ ಹೊಳೆಯಲಿಲ್ಲ.

ಸಾಧನದ ಆಯ್ಕೆಗೆ ಹೆಚ್ಚು ಸಮಯ ಹಿಡಿಯಲಿಲ್ಲ. ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್ (ಇಂಥ ಕೆಲಸವನ್ನು ತಾನಾಗಿ ನಡೆಸಲು ಪ್ರೋಗ್ರಾಂ ಬರೆಯುವ ಸಾಧನ) ನನಗೆ ಪರಿಚಿತ. ಒಂದು ಬಾರಿಗೆ ಆರು ನಿಮಿಷ ಮಾತ್ರ ಓಡಬಹುದೆಂಬ ಮಿತಿಯೂ ನಮ್ಮ ಕೆಲಸಕ್ಕೆ ಅಡ್ಡಿಯಲ್ಲ. ಆದರೆ ಅದು ಜಾವಾಸ್ಕ್ರಿಪ್ಟ್, ನಾನಿಲ್ಲದ ದಿನ ಅದನ್ನು ಓದಬಲ್ಲವರು ನಮ್ಮಲ್ಲಿಲ್ಲ. ಎನ್‌8ಎನ್ ಎಂಬ ಇನ್ನೊಂದು ಸಾಧನವನ್ನು ಸ್ವಂತ ಸರ್ವರಿನಲ್ಲಿ ನಡೆಸಬಹುದು, ಆದರೆ ಆ ಸರ್ವರನ್ನು ಯಾರು ನೋಡಿಕೊಳ್ಳುವುದು? ಮೇಲ್ ಔಟ್‌ಲುಕ್‌ನಲ್ಲಿದೆ, ಕಡತಗಳು ಶೇರ್‌ಪಾಯಿಂಟ್‌ನಲ್ಲಿವೆ. ಎರಡೂ ಮೈಕ್ರೋಸಾಫ್ಟಿನವೇ. ಹಾಗಾಗಿ ಅದೇ ಕಂಪನಿಯ ಪವರ್ ಆಟೊಮೇಟ್ ಎಂದು ನಿರ್ಧರಿಸಿದೆ. ಅದರಲ್ಲಿ ಒಂದೊಂದು ಹೆಜ್ಜೆಯೂ ಒಂದೊಂದು ಪೆಟ್ಟಿಗೆಯಾಗಿ ಮೇಲಿಂದ ಕೆಳಕ್ಕೆ ಕಾಣುತ್ತದೆ. ಪ್ರೋಗ್ರಾಮಿಂಗ್ ಅರಿಯದವರೂ ಬೆರಳಿಟ್ಟು ಓದಬಹುದು. ಇದೇ ಕೆಲಸಕ್ಕೆ ಕೈಹಾಕುವವರಿಗೆ ಒಂದು ಮಾತು: 2016ರಲ್ಲಿ ಬಂದಾಗ ಇದರ ಹೆಸರು ಮೈಕ್ರೋಸಾಫ್ಟ್ ಫ್ಲೋ, ಈಗಿನ ಹೆಸರು 2019ರದು. ಆದ್ದರಿಂದ ನೆರವು ಹುಡುಕುವಾಗ ಎರಡು ಹೆಸರುಗಳನ್ನೂ ಹಾಕಿ ನೋಡಿ.

ಎರಡನೆಯ ವಾರ

ಮೊದಲ ಫ್ಲೋ ಓಡಿತು. ಹಂಚಿಕೆಯ ಮೇಲ್‌ಬಾಕ್ಸಿಗೆ ಮೇಲ್ ಬಂದೊಡನೆ ಎಚ್ಚರಗೊಳ್ಳುವ ಟ್ರಿಗರ್, ಜೊತೆಗೆ ಬಂದ ಪ್ರತಿ ಕಡತವನ್ನೂ ಫೋಲ್ಡರಿಗೆ ಉಳಿಸುವ ಒಂದು ಆವರ್ತನೆ, ಅಷ್ಟೇ. ಮಧ್ಯಾಹ್ನ ನೋಡಿದರೆ ಫೋಲ್ಡರಿನ ತುಂಬ ಇಮೇಜ್001, ಇಮೇಜ್002 ಎಂಬ ಪುಟ್ಟ ಚಿತ್ರಗಳು. ಮೇಲ್‌ನ ಕೊನೆಯಲ್ಲಿ ಸಹಿಯ ಜೊತೆ ಇರುವ ಲಾಂಛನಗಳು ಅವು. ಫ್ಲೋ ಕಣ್ಣಿಗೆ ಅವೂ ಲಗತ್ತುಗಳೇ. ಪಿಡಿಎಫ್ ಆಗಿದ್ದರೆ ಮಾತ್ರ ಮುಂದೆ ಹೋಗು ಎಂಬ ಷರತ್ತು ಹಾಕಿದೆ. ಆಗ ಕೆಲವು ನಿಜವಾದ ಬಿಲ್‌ಗಳೇ ಹೊರಗುಳಿದವು. ಕೆಲವು ಸ್ಕ್ಯಾನರ್‌ಗಳು ಕಡತದ ಕೊನೆಯ ಮೂರು ಅಕ್ಷರಗಳನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ, ನನ್ನ ಷರತ್ತು ಸಣ್ಣಕ್ಷರವನ್ನಷ್ಟೇ ಗುರುತಿಸುತ್ತಿತ್ತು. ಹೋಲಿಸುವ ಮೊದಲು ಹೆಸರನ್ನೆಲ್ಲ ಸಣ್ಣಕ್ಷರಕ್ಕೆ ತಿರುಗಿಸುವ ಒಂದು ಸೂತ್ರ ಸೇರಿಸಿದೆ, ಸರಿಹೋಯಿತು.

ಮೂರನೆಯ ವಾರ

ಹೆಸರಿನಲ್ಲಿ ದಿನಾಂಕ ಸೇರಿಸುವ ಹೆಜ್ಜೆ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಫೋಲ್ಡರು ತಾನಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ. ಮಂಗಳವಾರ ಹಾಕಿದೆ, ಗುರುವಾರ ಸಹೋದ್ಯೋಗಿ ಕರೆದು ತೋರಿಸಿದರು: ತಿಂಗಳ ಜಾಗದಲ್ಲಿ 47 ಎಂದಿತ್ತು.

ಕಾರಣ ಒಂದೇ ಅಕ್ಷರ. ದಿನಾಂಕದ ಮಾದರಿಯಲ್ಲಿ ದೊಡ್ಡಕ್ಷರದ ಎಂ ಎರಡು ಬಾರಿ ಬರೆದರೆ ತಿಂಗಳು, ಸಣ್ಣಕ್ಷರದ ಎಂ ಎರಡು ಬಾರಿ ಬರೆದರೆ ನಿಮಿಷ. ನಾನು ಸಣ್ಣಕ್ಷರ ಬರೆದಿದ್ದೆ. ಮೇಲ್ ಬಂದದ್ದು ಗಂಟೆ ದಾಟಿ 47 ನಿಮಿಷಕ್ಕೆ.

47 ಎಂದು ಬಿದ್ದದ್ದು ಒಳ್ಳೆಯದೇ ಆಯಿತು, ಏಕೆಂದರೆ ಅಂಥ ತಿಂಗಳಿಲ್ಲ ಎಂದು ಯಾರಿಗೂ ಗೊತ್ತು. ನನ್ನನ್ನು ಬೆಚ್ಚಿಸಿದವು ಉಳಿದವು. ಗಂಟೆ ದಾಟಿ ಒಂದರಿಂದ ಹನ್ನೆರಡು ನಿಮಿಷಕ್ಕೆ ಬಂದ ಬಿಲ್‌ಗಳಿಗೆ 01ರಿಂದ 12ರವರೆಗಿನ ಸಂಖ್ಯೆ ಸಿಕ್ಕಿತ್ತು, ಅವೆಲ್ಲ ನಿಜವಾದ ತಿಂಗಳಿನಂತೆಯೇ ಕಾಣುತ್ತಿದ್ದವು. ಫೆಬ್ರವರಿಯ ಬಿಲ್ ಎಂದು ನಂಬುವಂತಿದ್ದ ಕಡತ ನಿಜಕ್ಕೂ ಎರಡನೆಯ ನಿಮಿಷಕ್ಕೆ ಬಂದದ್ದು. ಮೂರು ದಿನದ ಕಡತಗಳನ್ನೂ ಒಂದೊಂದಾಗಿ ಮೇಲ್ ಜೊತೆ ಇಟ್ಟು ನೋಡಿ ಸರಿಪಡಿಸಿದೆ. ಎದ್ದು ಕಾಣುವ ತಪ್ಪಿಗಿಂತ ಸರಿಯಂತೆ ಕಾಣುವ ತಪ್ಪಿಗೆ ಹೆಚ್ಚು ಹೆದರಬೇಕೆಂದು ಆ ಮಧ್ಯಾಹ್ನದಿಂದ ನನಗೆ ಅನ್ನಿಸುತ್ತಿದೆ.

ಇದೇ ವಾರ ಕಾಲವಲಯವನ್ನೂ ಸರಿಮಾಡಿದೆ. ಫ್ಲೋ ಒಳಗಿನ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಓಡುತ್ತದೆ, ನಮ್ಮ ಗಡಿಯಾರ ಅದಕ್ಕಿಂತ ಮುಂದಿದೆ. ಒಂದನೆಯ ತಾರೀಖು ನಸುಕಿನಲ್ಲಿ ಬಂದ ಬಿಲ್ ಹಿಂದಿನ ತಿಂಗಳ ಫೋಲ್ಡರಿಗೆ ಹೋಗುತ್ತಿತ್ತು. ಹೆಸರಿಡುವ ಮೊದಲು ಸಮಯವನ್ನು ಸ್ಥಳೀಯ ವಲಯಕ್ಕೆ ಪರಿವರ್ತಿಸುವ ಒಂದು ಪೆಟ್ಟಿಗೆ ಸಾಕಾಯಿತು.

ನಾಲ್ಕನೆಯ ವಾರ

ಸಣ್ಣಪುಟ್ಟ ದುರಸ್ತಿಗಳು. ಬಿಲ್ ಸಂಖ್ಯೆಯನ್ನು ಮೇಲ್‌ನ ವಿಷಯದ ಸಾಲಿನಿಂದ ಎತ್ತಿಕೊಳ್ಳುತ್ತೇನೆ. ಹಲವರ ಬಿಲ್ ಸಂಖ್ಯೆಯಲ್ಲಿ ಓರೆಗೆರೆ ಇರುತ್ತದೆ. ಓರೆಗೆರೆ, ಕೋಲನ್, ನಕ್ಷತ್ರ, ಪ್ರಶ್ನಾರ್ಥಕ ಮುಂತಾದ ಚಿಹ್ನೆಗಳಿಗೆ ಶೇರ್‌ಪಾಯಿಂಟ್ ಕಡತದ ಹೆಸರಿನಲ್ಲಿ ಅವಕಾಶವಿಲ್ಲ; ಎಲ್ಲವನ್ನೂ ಅಡ್ಡಗೆರೆಯಾಗಿ ಬದಲಿಸಿದೆ. ವಿಷಯದ ಸಾಲಿನಲ್ಲಿ ಸಂಖ್ಯೆಯೇ ಇಲ್ಲದ ಎರಡು ಬಿಲ್‌ಗಳು ಒಬ್ಬರೇ ಪೂರೈಕೆದಾರರಿಂದ ಒಂದೇ ದಿನ ಬಂದಾಗ ಎರಡಕ್ಕೂ ಒಂದೇ ಹೆಸರು ಬಿದ್ದು, ಎರಡನೆಯದು ಮೊದಲನೆಯದರ ಮೇಲೆ ಕುಳಿತಿತು. ಶೇರ್‌ಪಾಯಿಂಟ್ ಲೈಬ್ರರಿಯ ವರ್ಷನ್ ಹಿಸ್ಟರಿಯಲ್ಲಿ, ಅಂದರೆ ಕಡತದ ಹಿಂದಿನ ಪ್ರತಿಗಳು ಉಳಿದಿರುವ ಜಾಗದಲ್ಲಿ, ಹಳೆಯದು ಸುರಕ್ಷಿತವಾಗಿತ್ತು, ಹೊರತೆಗೆದೆ. ಇನ್ನು ಮುಂದೆ ಹೀಗಾಗಬಾರದೆಂದು ಮೇಲ್ ಬಂದ ಗಂಟೆ, ನಿಮಿಷ, ಸೆಕೆಂಡನ್ನೂ ಹೆಸರಿಗೆ ಸೇರಿಸಿದೆ. ಇದಕ್ಕೆ ಕೊನೆಯ ವಾರದಲ್ಲಿ ಮತ್ತೆ ಬರುತ್ತೇನೆ.

ಇನ್ನೊಂದು ಫ್ಲೋ ಕಡತ ಬದಲಾದಾಗ ಎಚ್ಚೆತ್ತು ಅದರ ಸ್ಥಿತಿಯ ಕಾಲಮ್ಮನ್ನು ತಿದ್ದುತ್ತಿತ್ತು. ತಿದ್ದುವುದೂ ಒಂದು ಬದಲಾವಣೆಯೇ ಆದ್ದರಿಂದ ಅದು ತನ್ನನ್ನು ತಾನೇ ಮತ್ತೆ ಮತ್ತೆ ಎಬ್ಬಿಸುತ್ತಾ ಹೋಯಿತು. ಟ್ರಿಗರಿಗೇ ಒಂದು ಷರತ್ತು ಹಾಕಿ, ಸ್ಥಿತಿ ಖಾಲಿ ಇದ್ದರೆ ಮಾತ್ರ ಎದ್ದೇಳು ಎಂದು ಕಟ್ಟಿಹಾಕಿದೆ.

ಐದನೆಯ ವಾರ

ಒಬ್ಬ ಪೂರೈಕೆದಾರರು ಫೋನ್ ಮಾಡಿದರು: ಬಿಲ್ ಕಳುಹಿಸಿ ಹದಿನೈದು ದಿನವಾಯಿತು, ಏನಾಯಿತು? ಫೋಲ್ಡರಿನಲ್ಲಿ ಅವರ ಬಿಲ್ ಇಲ್ಲ, ರಿಜಿಸ್ಟರಿನಲ್ಲೂ ಇಲ್ಲ. ಫ್ಲೋ ಓಡಿದ ದಾಖಲೆ ತೆರೆದರೆ ಆ ಮೇಲ್‌ನ ಎದುರು ಹಸಿರು ಗುರುತು, ಯಶಸ್ವಿ ಎಂದು.

ಬಿಲ್ ಬಂದದ್ದು ಪಿಡಿಎಫ್ ಆಗಿ ಅಲ್ಲ, ಫೋನಿನಲ್ಲಿ ತೆಗೆದ ಚಿತ್ರವಾಗಿ. ಪಿಡಿಎಫ್ ಹೌದೇ ಎಂದು ನನ್ನ ಷರತ್ತು ಕೇಳಿತು, ಅಲ್ಲ ಎಂದು ಉತ್ತರ ಬಂತು, ಅಲ್ಲ ಎನ್ನುವ ಕವಲಿನಲ್ಲಿ ನಾನು ಏನನ್ನೂ ಇಟ್ಟಿರಲಿಲ್ಲ. ಮಾಡಬೇಕಾದದ್ದು ಏನೂ ಇಲ್ಲವಾದ್ದರಿಂದ ಫ್ಲೋ ಯಶಸ್ವಿಯಾಗಿ ಮುಗಿಯಿತು. ಹುಡುಕಿದಾಗ ಅಂಥವು ಹನ್ನೊಂದು ಸಿಕ್ಕವು: ಚಿತ್ರಗಳು, ಜಿಪ್ ಕಡತಗಳು, ಎರಡು ವರ್ಡ್ ದಾಖಲೆಗಳು. ಒಬ್ಬರ ಹಣ ನನ್ನ ಖಾಲಿ ಕವಲಿನಲ್ಲಿ ಹದಿನೈದು ದಿನ ಸಿಕ್ಕಿಬಿದ್ದಿತ್ತೆಂಬುದು ನನಗೆ ಬಹಳ ನೋವು ತಂದಿತು.

ಆ ಸಂಜೆಯೇ "ಗುರುತು ಸಿಗದವು" ಎಂಬ ಫೋಲ್ಡರ್ ಮಾಡಿದೆ. ಪಿಡಿಎಫ್ ಅಲ್ಲದ್ದೆಲ್ಲ ಅಲ್ಲಿಗೆ ಹೋಗುತ್ತದೆ, ರಿಜಿಸ್ಟರಿನಲ್ಲಿ "ನೋಡಬೇಕು" ಎಂಬ ಗುರುತಿನೊಂದಿಗೆ ಒಂದು ಸಾಲೂ ಬೀಳುತ್ತದೆ. ಮೇಲ್‌ನೊಳಗೆ ಅಂಟಿಕೊಂಡ ಸಹಿಯ ಲಾಂಛನಗಳನ್ನು ಮಾತ್ರ ಬಿಟ್ಟುಬಿಡಬೇಕು. ಅವು ಮೇಲ್‌ನ ಮೈಯೊಳಗಿನವೇ ಎಂದು ತಿಳಿಸುವ ಒಂದು ಗುಣ ಪ್ರತಿ ಲಗತ್ತಿಗೂ ಇದೆ, ಅದನ್ನು ಬಳಸಿದೆ. ಮುಖ್ಯ ಹೆಜ್ಜೆಗಳನ್ನೆಲ್ಲ ಒಂದು ಸ್ಕೋಪ್ (ಹಲವು ಹೆಜ್ಜೆಗಳನ್ನು ಒಟ್ಟಿಗೆ ಇಡುವ ದೊಡ್ಡ ಪೆಟ್ಟಿಗೆ) ಒಳಗೆ ಸೇರಿಸಿ, ಅದು ವಿಫಲವಾದರೂ ಸಮಯ ಮೀರಿದರೂ ನಮ್ಮಿಬ್ಬರಿಗೆ ಮೇಲ್ ಬರುವಂತೆ "ರನ್ ಆಫ್ಟರ್" ಎಂಬ ಆಯ್ಕೆಯನ್ನು, ಅಂದರೆ ಹಿಂದಿನ ಹೆಜ್ಜೆಯ ಫಲ ನೋಡಿ ಮುಂದಿನದನ್ನು ಓಡಿಸುವುದನ್ನು, ಹೊಂದಿಸಿದೆ.

ಆದರೆ ಫ್ಲೋ ಓಡಲೇ ಇಲ್ಲವಾದರೆ? ಓಡದ ಫ್ಲೋ ಯಾವ ಮೇಲನ್ನೂ ಕಳುಹಿಸಲಾರದು. ಆಗ ನೆನಪಾದದ್ದು ಆ ಚೀಟಿ. ನಾನು ಕಟ್ಟಿದ ದಿನದಿಂದ ಸಹೋದ್ಯೋಗಿ ಎಣಿಸುವುದನ್ನು ನಿಲ್ಲಿಸಿದ್ದರು. ಯಂತ್ರ ಮಾಡುತ್ತದೆ, ಎಣಿಸಬೇಕಿಲ್ಲ ಎಂದು ನಾನೇ ಹೇಳಿದ್ದೆ.

ಆರು, ಏಳನೆಯ ವಾರ

ಹೊಸ ತಿಂಗಳು, ಹೊಸ ರಿಜಿಸ್ಟರ್, ಹೊಸ ಫ್ಲೋ. ಪ್ರತಿದಿನ ಸಂಜೆ ಐದೂವರೆಗೆ ಓಡಿ ತಿಂಗಳ ಆರಂಭದಿಂದ ಬಂದ ಮೇಲ್, ಕಡತ, ಸಾಲು ಮೂರನ್ನೂ ಎಣಿಸಿ ಕಳುಹಿಸುತ್ತದೆ. ಅಂಕಿಗಳು ತಾಳೆಯಾದರೂ ಕಳುಹಿಸುತ್ತದೆ, ಆಗದಿದ್ದರೂ ಕಳುಹಿಸುತ್ತದೆ. ಸಂಜೆ ಮೇಲ್ ಬರಲಿಲ್ಲವೆಂದರೆ ಅದೇ ಒಂದು ಸುದ್ದಿ.

ಎರಡು ಎಣಿಕೆ ಸಾಲದೇ, ಮೇಲ್ ಮತ್ತು ಕಡತ ಎಂದು ನಾನು ಕೇಳಿದೆ. "ಎರಡು ಕಡೆ ಒಂದೇ ತಪ್ಪಾದರೆ ಎರಡೂ ಸರಿಯಾಗಿಯೇ ಕಾಣುತ್ತವೆ" ಎಂದರು ಸಹೋದ್ಯೋಗಿ. ಮೂರನ್ನೂ ಇಟ್ಟುಕೊಂಡೆ.

ಮೊದಲ ಸಂಜೆ ಮೇಲ್ 10 ಎಂದು ಬಂತು, ಮೇಲ್‌ಬಾಕ್ಸಿನಲ್ಲಿ 36 ಇದ್ದವು. ಮೇಲ್‌ಗಳನ್ನು ಓದುವ ಹೆಜ್ಜೆ ಬೇರೇನೂ ಹೇಳದಿದ್ದರೆ ಹತ್ತನ್ನು ಮಾತ್ರ ತರುತ್ತದೆ. ಮಿತಿ ಏರಿಸಿದೆ. ಮೂರನೆಯ ಸಂಜೆ ಮೇಲ್ 108, ಕಡತ 100. ಶೇರ್‌ಪಾಯಿಂಟಿನಿಂದ ಪಟ್ಟಿ ತರುವ ಹೆಜ್ಜೆಯೂ ನೂರಕ್ಕೆ ನಿಲ್ಲುತ್ತದೆ, ಅದನ್ನೂ ಏರಿಸಿದೆ. ಅಲ್ಲಿಂದ ನಾಲ್ಕು ಸಂಜೆ ಮೂರೂ ಅಂಕಿಗಳು ಒಂದೇ ಸಮನೆ ಏರಿದವು, ಏಳನೆಯ ದಿನ 238, 238, 238. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಎಂಟನೆಯ ಸಂಜೆ: 271, 271, 256. ಹದಿನೈದು ಸಾಲು ಎಲ್ಲಿ ಹೋದವು? ರಿಜಿಸ್ಟರ್ ತೆರೆದು ಕೈಯಿಂದ ಎಣಿಸಿದೆ, 271 ಇದ್ದವು. ಮರುದಿನ 305, 305, ಮತ್ತೆ 256. ಅಂಕಿ ಕದಲದೆ ನಿಂತದ್ದನ್ನು ನೋಡಿದ ಮೇಲೆ ತಿಳಿಯಿತು. ಎಕ್ಸೆಲ್ ಕೋಷ್ಟಕದ ಸಾಲುಗಳನ್ನು ತರುವ ಹೆಜ್ಜೆಯ ಮಿತಿ 256. ಸಾಲುಗಳನ್ನು ಕಂತುಕಂತಾಗಿ ತರುವ ಪುಟವಿಂಗಡಣೆಯ (ಪೇಜಿನೇಶನ್) ಆಯ್ಕೆಯನ್ನು ಚಾಲೂ ಮಾಡಿ 5000ಕ್ಕೆ ಏರಿಸಿದ ಮೇಲೆ ಸಾಲುಗಳೆಲ್ಲ ಬಂದವು.

ಈ ಮಿತಿಗಳೆಲ್ಲ ಕೈಪಿಡಿಯಲ್ಲಿ ಬರೆದಿರುವಂಥವೇ, ನಾನು ಮೊದಲೇ ಓದಿಕೊಳ್ಳಬೇಕಿತ್ತು. ಆದರೆ ಮೊದಲೇ ಓದಿದ್ದರೂ ಅವುಗಳ ಸ್ವಭಾವ ಇಷ್ಟು ಚೆನ್ನಾಗಿ ಮನಸ್ಸಿಗೆ ಇಳಿಯುತ್ತಿರಲಿಲ್ಲವೇನೋ. ಯಾವ ಹೆಜ್ಜೆಯೂ "ಇನ್ನೂ ಇವೆ" ಎಂದು ಹೇಳುವುದಿಲ್ಲ, ತಂದಷ್ಟನ್ನು ಪೂರ್ತಿ ಎಂಬಂತೆ ಕೈಗಿಡುತ್ತದೆ. ಹತ್ತು ಕಡತಗಳಿಂದ ಪರೀಕ್ಷಿಸಿದಾಗ ಎಲ್ಲವೂ ಸರಿ ಇರುತ್ತದೆ. ನಿಮ್ಮ ಫ್ಲೋದಲ್ಲಿ ಪಟ್ಟಿ ತರುವ ಪೆಟ್ಟಿಗೆ ಇದ್ದರೆ ಮುನ್ನೂರು ಸಾಲುಗಳಿಂದ ಪರೀಕ್ಷಿಸಿ.

ಎಂಟು, ಒಂಬತ್ತನೆಯ ವಾರ

ಬಿಲ್‌ಗಳನ್ನು ಮಂಜೂರಾತಿಗೆ ಕಳುಹಿಸುವ ಹೆಜ್ಜೆಯೂ ಫ್ಲೋಗೆ ಸೇರಿತು. ಒಂದು ಫ್ಲೋ ಮೂವತ್ತು ದಿನಕ್ಕಿಂತ ಹೆಚ್ಚು ಕಾಲ ಕಾಯುವುದಿಲ್ಲ, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಕೋರಿಕೆಯ ಅವಧಿ ಮೀರುತ್ತದೆ. ಐದು ದಿನಕ್ಕೊಮ್ಮೆ ಜ್ಞಾಪನೆ ಹೋಗುವಂತೆ ಮಾಡಿದೆ. ಓಟದ ದಾಖಲೆ 28 ದಿನ ಮಾತ್ರ ಉಳಿಯುವುದರಿಂದ ನಮ್ಮದೇ ಒಂದು ಪಟ್ಟಿಯಲ್ಲಿ ಪ್ರತಿ ಓಟದ ಫಲವನ್ನೂ ಬರೆದಿಡುತ್ತಿದ್ದೇನೆ. ಫ್ಲೋಗಳೆಲ್ಲ ನನ್ನ ಖಾತೆಯ ಸಂಪರ್ಕದಿಂದ ಓಡುತ್ತಿದ್ದವು. ನನ್ನ ಪಾಸ್‌ವರ್ಡ್ ಬದಲಾದರೆ ಅವೂ ನಿಂತಾವು. ಕಚೇರಿಯ ಹೆಸರಿನ ಪ್ರತ್ಯೇಕ ಖಾತೆಗೆ ವರ್ಗಾಯಿಸಿ, ಸಹೋದ್ಯೋಗಿಯನ್ನು ಸಹಮಾಲೀಕರನ್ನಾಗಿ ಸೇರಿಸಿದೆ. ಈಗ ಅವರು ಪೆಟ್ಟಿಗೆಗಳನ್ನು ತೆರೆದು ಓದುತ್ತಾರೆ, ಷರತ್ತುಗಳ ಹೆಸರನ್ನು ಕನ್ನಡದಲ್ಲಿ ಬದಲಿಸಿದ್ದಾರೆ. ಅದು ನನಗೆ ಬಹಳ ಇಷ್ಟವಾಯಿತು.

ಒಂಬತ್ತನೆಯ ವಾರ

ಮತ್ತೆ ಹೊಸ ತಿಂಗಳು. ಗುರುವಾರ ಸಂಜೆಯ ತಾಳೆ: ಮೇಲ್ 142, ಕಡತ 142, ಸಾಲು 144.

ಮೊದಲೆರಡು ಅಂಕಿಗಳನ್ನಷ್ಟೇ ನೋಡಿದ್ದರೆ ಎಲ್ಲವೂ ಸರಿ. ಸಹೋದ್ಯೋಗಿ ರಿಜಿಸ್ಟರಿನ ಕೊನೆಯ ಪುಟ ತೆರೆದು ಎರಡೇ ನಿಮಿಷದಲ್ಲಿ ಹಿಡಿದರು. ಇದುವರೆಗೆ ಒಂದು ಮೇಲ್‌ಗೆ ಒಂದೇ ಬಿಲ್ ಬರುತ್ತಿತ್ತು. ಹೊಸ ಪೂರೈಕೆದಾರರೊಬ್ಬರು ಒಂದೇ ಮೇಲ್‌ನಲ್ಲಿ ಮೂರು ಪಿಡಿಎಫ್ ಕಳುಹಿಸಿದ್ದರು. ವಿಷಯದ ಸಾಲು ಒಂದೇ, ಬಂದ ಸೆಕೆಂಡೂ ಒಂದೇ, ಆದ್ದರಿಂದ ನಾಲ್ಕನೆಯ ವಾರದ ನನ್ನ ಉಪಾಯ ಮೂರಕ್ಕೂ ಒಂದೇ ಹೆಸರು ಕೊಟ್ಟಿತ್ತು. ಒಂದರ ಮೇಲೊಂದು ಕುಳಿತು ಒಂದೇ ಕಡತ ಉಳಿದಿತ್ತು. ಒಂದು ಮೇಲ್, ಒಂದು ಕಡತ, ಎರಡೂ ಹೊಂದಿದ್ದವು. ಬಿಲ್‌ಗೊಂದರಂತೆ ಬಿದ್ದ ಮೂರು ಸಾಲುಗಳು ಮಾತ್ರ ನಿಜ ಹೇಳುತ್ತಿದ್ದವು.

ಕಳೆದುಹೋದ ಎರಡನ್ನೂ ವರ್ಷನ್ ಹಿಸ್ಟರಿಯಿಂದ ತೆಗೆದು ಬೇರೆ ಹೆಸರಿಟ್ಟಿದ್ದೇವೆ. ಇನ್ನು ಮುಂದೆ ಹೆಸರಿನ ಕೊನೆಯಲ್ಲಿ ಲಗತ್ತಿನ ಕ್ರಮಸಂಖ್ಯೆಯೂ ಇರುತ್ತದೆ; ಆ ಬದಲಾವಣೆ ಶುಕ್ರವಾರ ಮಧ್ಯಾಹ್ನವೇ ಹಾಕಿಯಾಗಿದೆ. ತಾಳೆಯ ಫ್ಲೋ ಮೇಲ್‌ಗಳ ಬದಲು ಮೇಲ್‌ಗಳೊಳಗಿನ ಲಗತ್ತುಗಳನ್ನು ಎಣಿಸಬೇಕು, ಸಹಿಯ ಲಾಂಛನಗಳನ್ನು ಬಿಟ್ಟು. ಅದನ್ನು ಸೋಮವಾರ ಆರಂಭಿಸುತ್ತೇನೆ. ಅಲ್ಲಿಯವರೆಗೆ ಸಹೋದ್ಯೋಗಿ ಮತ್ತೆ ಚೀಟಿ ಹಿಡಿದಿದ್ದಾರೆ.